ಆಚೆ ದಡದ ಸಾಲು

ನಮ್ಮ ಮಹಡಿ ಮನೆ,
ಹದಿನಾಲ್ಕನೇ ತಾರೀಖು, ಭಾನುವಾರ, ಊಟವಾದ ಮೇಲೆ

ಇವಳೇ,

ಕಾಗದದಲ್ಲಿ ಹೀಗೆ ಕರೆಯಬಾರದು ಅಂತ ಗೊತ್ತು. ಮೊದಲು ‘ಪ್ರೀತಿಯ’ ಅಂತ ಶುರು ಮಾಡಿ ಮುಂದೆ ನಿನ್ನ ಹೆಸರು ಬರೆದೆ. ಓದಿ ನೋಡಿದರೆ ಬೇರೆ ಯಾರದೋ ಹೆಂಡತಿಗೆ ಬರೆದ ಹಾಗಿತ್ತು. ಗಾಬರಿಯಾಗಿ ಹರಿದು ಹಾಕಿದೆ. ನಾನು ‘ಇವಳೇ’ ಅಂದಾಗಲೆಲ್ಲ ‘ಏನ್ರೀ’ ಅಂದಿದ್ದೀಯ, ಈಗಲೂ ಹಾಗೇ ಅಂದುಕೊಂಡು ಓದು. ನಿನ್ನ ಮಂಡಿ ನೋವು ಹೇಗಿದೆ? ಅಲ್ಲಿ ಮೆಟ್ಟಿಲಿಲ್ಲದ ಮನೆ, ಕಡಿಮೆಯಾಗಿರಬೇಕು. ನಿಮ್ಮಕ್ಕ ಕೋಲಿಲ್ಲದೆ ಓಡಾಡುತ್ತಾರೆ ಅಂತ ಬರೆದಿದ್ದೀಯ, ಸಂತೋಷವಾಯಿತು. ಮೂಳೆ ಕೂಡಿತು ಅಂತ ಅವರು ಅಟ್ಟ ಹತ್ತಲು ಹೋಗದ ಹಾಗೆ ನೋಡಿಕೋ, ಆ ಹೆಂಗಸನ್ನು ನಂಬುವ ಹಾಗಿಲ್ಲ. ನನ್ನ ಆರೋಗ್ಯ ಕೇಳಿದ್ದೀಯ. ಗುಂಡುಕಲ್ಲಿನ ಹಾಗಿದ್ದೇನೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಒಂದು ದಿನ ಉಪ್ಪು ಹಾಕುವುದು ಮರೆತರೆ ಮರುದಿನ ಎರಡು ದಿನದ್ದೂ ಸೇರಿಸಿ ಹಾಕಿರುತ್ತೇನೆ, ಒಟ್ಟಿನಲ್ಲಿ ಸರಿಹೋಗುತ್ತದೆ.

ನಿನ್ನ ಕಾಗದ ಮಂಗಳವಾರವೇ ಕೈಸೇರಿತು. ಅಕ್ಕ ‘ಇಲ್ಲೇ ಇದ್ದುಬಿಡು’ ಅನ್ನುತ್ತಿದ್ದಾರೆ, ಇಲ್ಲಿ ಗಲಾಟೆಯಿಲ್ಲ, ಕಿವಿಗೆ ಹಿತವಾಗಿದೆ, ಹೊಲಿಗೆ ಯಂತ್ರವನ್ನು ಲಾರಿಗೆ ಹಾಕಿಸಿ ಕಳಿಸಿಕೊಡಿ ಅಂತ ಬರೆದಿದ್ದೀಯ. ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡೆ. ಇನ್ನೆರಡು ಸೀರೆ ಕಳಿಸಿ ಅಂದಿದ್ದರೆ ಇನ್ನೊಂದಿಷ್ಟು ದಿನದ ಮಾತು ಅಂದುಕೊಳ್ಳಬಹುದಿತ್ತು. ಹೊಲಿಗೆ ಯಂತ್ರ ತರಿಸಿಕೊಳ್ಳುವವರು ವಾಪಸು ಬರುವವರಲ್ಲ, ಅಷ್ಟು ನನಗೂ ತಿಳಿಯುತ್ತದೆ. ಲಾರಿಯವನು ಬಂದು ಕೇಳಿದ. ‘ಇನ್ನೂ ಎಣ್ಣೆ ಬಿಡ್ಬೇಕು, ಆಮೇಲೆ ಹೇಳಿ ಕಳಿಸ್ತೀನಪ್ಪ’ ಅಂತ ಸುಳ್ಳು ಹೇಳಿ ಸಾಗಹಾಕಿದೆ. ಆ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲು ಇಲ್ಲಿಯ ಸುದ್ದಿ ಕೇಳು.

ಈ ಹೊತ್ತು ಹೇಗಿರುತ್ತದೆ ಅಂತ ನಿನಗೆ ಗೊತ್ತಲ್ಲ. ಕೆಳಗಿನ ಇಸ್ತ್ರಿ ಅಂಗಡಿಯವನು ಬಾಗಿಲು ಅರ್ಧ ಎಳೆದು ನಿದ್ದೆಹೋಗಿದ್ದಾನೆ. ಬಿಸಿ ಬಟ್ಟೆಯ ವಾಸನೆ ಮಾತ್ರ ಮೆಟ್ಟಿಲು ಹತ್ತಿ ಬಂದು ನಮ್ಮ ಕೋಣೆಯಲ್ಲಿ ಕೂತಿದೆ. ಕಿಟಕಿಯ ಬಿಸಿಲು ನೆಲ ಬಿಟ್ಟು ಗೋಡೆ ಹತ್ತುತ್ತಿದೆ, ಮೊಳೆಗೆ ತೂಗುಹಾಕಿದ ಬ್ಯಾಂಜೊಗಳ ದುಂಡು ಮುಖಗಳು ಒಂದೊಂದಾಗಿ ಬೆಳಗುತ್ತಿವೆ. ನಾನು ನಿನ್ನ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯೆ ಮಧ್ಯೆ ಕಣ್ಣು ಎಳೆಯುತ್ತದೆ. ಆಮೇಲೆ, ಬರೆದದ್ದು ಯಾವುದು, ಮಂಪರಿನಲ್ಲಿ ನಿನಗೆ ಹೇಳಿದ್ದು ಯಾವುದು ಅಂತ ತಿಳಿಯುವುದಿಲ್ಲ. ಒಂದೇ ಮಾತು ಎರಡು ಸಲ ಬಂದಿದ್ದರೆ ಒಂದು ಸಲ ಮಾತ್ರ ಓದು. ನೀನು ಪಕ್ಕದ ಕೋಣೆಯಲ್ಲಿ ಯಂತ್ರ ತುಳಿಯುತ್ತಿದ್ದಾಗ ಈ ಗೋಡೆಯ ಬ್ಯಾಂಜೊಗಳೆಲ್ಲ, ಯಾರೂ ಮುಟ್ಟದೆ, ತಮ್ಮಷ್ಟಕ್ಕೆ ತಾವೇ ಸಣ್ಣಗೆ ಗುನುಗುತ್ತಿದ್ದವು, ನೆನಪಿದೆಯಾ? ಬಿಗಿದು ಕಟ್ಟಿದ ಚರ್ಮ, ನೆಲ ಕೊಂಚ ನಡುಗಿದರೂ ಸಾಕು ಅದಕ್ಕೆ. ನೀನು ಪರದೆಯ ಅಂಚು ಹೊಲಿಯುವಾಗ ಉದ್ದಕ್ಕೆ ಗುನುಗುತ್ತಿದ್ದವು, ಕೈಯಲ್ಲಿ ಗುಂಡಿ ಹಾಕುವಾಗ ಸುಮ್ಮನಾಗುತ್ತಿದ್ದವು. ಈಗ ಇಡೀ ಗೋಡೆ ಬಾಯಿ ಮುಚ್ಚಿಕೊಂಡಿದೆ.

ಪಾಠ ನಡೆಯುತ್ತಿದೆ. ಹಲ್ಲಿನ ಡಾಕ್ಟರು ತಪ್ಪದೆ ಬರುತ್ತಾರೆ, ಬೇಕರಿಯವನೂ ಬರುತ್ತಾನೆ. ಡಾಕ್ಟರು ಮಾಡಿದ ಘನಕಾರ್ಯ ಕೇಳು. ತಂತಿಗೆ ತುಕ್ಕು ಹಿಡಿದಿದೆ ಅಂತ ಐದನ್ನೂ ಒಟ್ಟಿಗೆ ಬಿಚ್ಚಿ ಹಾಕಿದ್ದಾರೆ. ತಂತಿಗಳನ್ನು ಹೊತ್ತು ನಿಲ್ಲುವ ಮರದ ಕುದುರೆಯನ್ನು ಯಾರೂ ಚರ್ಮಕ್ಕೆ ಅಂಟಿಸಿರುವುದಿಲ್ಲ, ತಂತಿಯ ಬಿಗಿಯಿಂದಲೇ ಅದು ನಿಂತಿರುತ್ತದೆ, ಅದಕ್ಕೇ ಒಂದು ಬಿಚ್ಚಿದರೆ ಅದನ್ನು ಕಟ್ಟಿಯೇ ಇನ್ನೊಂದಕ್ಕೆ ಕೈಹಾಕಬೇಕು ಅಂತ ಎಲ್ಲರಿಗೂ ಮೊದಲೇ ಹೇಳಿರುತ್ತೇನೆ. ಯಾರಿಗೆ ಹೇಳಿದ್ದು? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕುದುರೆ ಬಿತ್ತು, ಎಲ್ಲಿ ನಿಂತಿತ್ತು ಅನ್ನುವುದೂ ಮರೆತುಹೋಯಿತು. ಅಂದಾಜಿನ ಮೇಲೆ ನಿಲ್ಲಿಸಿ ತಂದು ನುಡಿಸಿದರು, ಒಂದು ಸ್ವರ ಇನ್ನೊಂದರ ಮುಖ ನೋಡುತ್ತಿರಲಿಲ್ಲ. ‘ವಾದ್ಯವೇ ಸರಿಯಿಲ್ಲ ಮೇಷ್ಟ್ರೇ’ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ‘ಒಂದೇ ಸಲಕ್ಕೆ ಬಾಯಿತುಂಬ ಹಲ್ಲು ಕಿತ್ತರೆ ದವಡೆ ಏನಾಗುತ್ತೆ ಡಾಕ್ಟ್ರೇ’ ಅಂತ ಕೇಳಿದೆ. ಪಾಪ, ಅವರು ಗಂಭೀರವಾಗಿ ಯೋಚನೆ ಮಾಡಿ ‘ಕುಗ್ಗುತ್ತೆ’ ಅಂದರು. ಬೇಕರಿಯವನು ನಗು ತಡೆಯಲಾರದೆ ನೀರು ಕುಡಿಯುವ ನೆವ ಮಾಡಿ ಒಳಗೆ ಹೋದ. ಅವನ ಬ್ಯಾಂಜೊ ಮೇಲೆ ಈಗಲೂ ಹಿಟ್ಟಿನ ಗುರುತು ಇದ್ದೇ ಇರುತ್ತದೆ, ಆದರೆ ಕೈ ಕುದುರಿದೆ. ಹಿಟ್ಟು ನಾದುವವನಿಗೆ ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅಂತ ಹೇಳಿಕೊಡುವ ಕಷ್ಟವಿಲ್ಲ.

ನೀನು ಹೋದ ಮೇಲೆ ಒಬ್ಬರು ಹೊಸಬರು ಸೇರಿದ್ದಾರೆ, ಆಸ್ಪತ್ರೆಯ ನರ್ಸಮ್ಮ. ಕೈ ಬಹಳ ಹಗುರ. ನನ್ನ ಪದ್ಧತಿ ನಿನಗೆ ಬಾಯಿಪಾಠ: ಮೊದಲ ಪಾಠದಲ್ಲಿ ಎಡಗೈ ಮಡಿಲು ಬಿಟ್ಟು ಏಳಬಾರದು. ಬಲಗೈ ಒಂದೇ ಕೆಲಸ ಮಾಡಬೇಕು, ತೋರುಬೆರಳ ಉಗುರಿನಿಂದ ಕೆಳಕ್ಕೆ ಹೊಡೆ, ಹಿಂದೆಯೇ ಹೆಬ್ಬೆರಳಿನಿಂದ ಮೇಲಿನ ಗಿಡ್ಡ ತಂತಿಯನ್ನು ಮೀಟಿ ಬಿಡು. ಆ ಗಿಡ್ಡ ತಂತಿಗೆ ಇಡೀ ಹಾಡಿನಲ್ಲಿ ಒಂದೇ ಸ್ವರ. ಮಿಕ್ಕ ತಂತಿಗಳು ಎಲ್ಲಿಗೆ ಹೋಗಿ ಏನು ಮಾಡಿಕೊಂಡರೂ ಅದು ತನ್ನ ಮಾತು ಬದಲಿಸುವುದಿಲ್ಲ, ಥೇಟು ನಿನ್ನ ಹಾಗೆ. ಉಳಿದವರಿಗೆ ಇದು ಕೈಗೆ ಹತ್ತುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದಿರುತ್ತದೆ. ನರ್ಸಮ್ಮ ಕಣ್ಣು ಮುಚ್ಚಿಕೊಂಡು, ‘ನಾಡಿ ಹಿಡಿದ ಹಾಗಿದೆ ಮೇಷ್ಟ್ರೇ’ ಅಂತ ಹೇಳಿ, ಅಲ್ಲೇ ಕೂತು ಕಲಿತುಬಿಟ್ಟರು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುತ್ತಾರೆ, ಅರೆನಿದ್ದೆಯಲ್ಲೇ ನುಡಿಸುತ್ತಾರೆ, ಅದಕ್ಕೇ ಅಷ್ಟು ಚೆನ್ನಾಗಿ ಬರುತ್ತದೆಯೋ ಏನೋ. ಎಚ್ಚರವಿರುವವರು ಬೆರಳಿಗೆ ಬುದ್ಧಿ ಹೇಳಲು ಹೋಗಿ ಕೆಡಿಸಿಕೊಳ್ಳುತ್ತಾರೆ.

ಆಮೇಲೆ ನಾನು ಎಲ್ಲರಿಗೂ ಕಲಿಸುವ ಮೊದಲನೇ ಹಾಡು, ಹೊಳೆ ದಾಟುವ ಹಾಡು. ಮದುವೆಯಾದ ಹೊಸತರಲ್ಲಿ ನೀನೇ ನನಗೆ ಹೇಳಿಕೊಟ್ಟಿದ್ದು. ಮೊದಲೆರಡು ಸಾಲು ಈಚೆ ದಡದಲ್ಲಿ ನಿಂತವನು ದೋಣಿಗೆ ಕೂಗುವುದು, ಮೂರನೆಯ ಸಾಲು ಆಚೆ ದಡದಿಂದ ಬರುವ ಉತ್ತರ, ನಾಲ್ಕನೆಯದು ಹುಟ್ಟು ಹಾಕುವುದು. ಎಳೆ ಕೈಗಳಿಗೆ ಇದಕ್ಕಿಂತ ಸುಲಭದ ಹಾಡಿಲ್ಲ. ನರ್ಸಮ್ಮ ನಮ್ಮನ್ನು ನೋಡಿಕೊಂಡೇ ಕಲಿತು ಮೊನ್ನೆ ನುಡಿಸಿ ತೋರಿಸಿದರು. ಎರಡು ಸಾಲು ನುಡಿಸಿದರು, ಬೆರಳನ್ನು ಮೇಲಕ್ಕೆತ್ತಿ ಹಿಡಿದರು, ಕತ್ತು ತಿರುಗಿಸಿ ಬಾಗಿಲ ಕಡೆ ನೋಡುತ್ತಾ ಸುಮ್ಮನೆ ಕೂತರು, ಆಮೇಲೆ ಕೊನೆಯ ಸಾಲು ನುಡಿಸಿ ಮುಗಿಸಿದರು. ಬಾಗಿಲಲ್ಲಿ ಯಾರಿದ್ದಾರೆ ಅಂತ ನಾನೂ ನೋಡಿದೆ, ಯಾರೂ ಇರಲಿಲ್ಲ. ಯಾಕಮ್ಮ ನಿಲ್ಲಿಸಿದೆ ಅಂತ ಕೇಳಿದರೆ, ‘ನೀವೂ ಹಾಗೇ ಮಾಡ್ತೀರಲ್ಲ ಮೇಷ್ಟ್ರೇ, ಡಾಕ್ಟ್ರೂ ಹಾಗೇ ಮಾಡ್ತಾರೆ. ಅದೂ ಹಾಡಲ್ಲೇ ಇದೆ ಅಂದ್ಕೊಂಡೆ’ ಅಂದರು. ನಾನು ಎಲ್ಲಿ ಮಾಡುತ್ತೇನೆ ಅಂತ ಜಗಳಕ್ಕೇ ನಿಂತೆ. ಬೇಕರಿಯವನು ಬ್ಯಾಂಜೊ ಎತ್ತಿಕೊಂಡು ಅದೇ ಹಾಡು ನುಡಿಸಿದ. ಎರಡು ಸಾಲಾಯಿತು, ಬೆರಳೆತ್ತಿದ, ಬಾಗಿಲು ನೋಡಿದ. ಅವನು ಮನೆಯಲ್ಲಿ ನುಡಿಸಿದಾಗಲೂ ಅಲ್ಲಿ ನಿಲ್ಲಿಸಿ ಬಾಗಿಲು ನೋಡುತ್ತಾನಂತೆ, ಅವನ ಹೆಂಡತಿ ಪ್ರತಿ ಸಲವೂ ‘ಯಾರು ಬಂದ್ರು?’ ಅಂತ ಎದ್ದು ಹೋಗಿ ನೋಡಿ ಬರುತ್ತಾಳಂತೆ. ನನ್ನ ಹತ್ತಿರ ಕಲಿತು ಹೋದವರೆಲ್ಲ ಎಲ್ಲೆಲ್ಲಿ ಕೂತು ಎಷ್ಟು ಬಾಗಿಲುಗಳನ್ನು ನೋಡುತ್ತಿದ್ದಾರೋ!

ಡಾಕ್ಟರೇ ನರ್ಸಮ್ಮನಿಗೆ ಬಿಡಿಸಿ ಹೇಳಿದರು. ‘ಅದು ಅಮ್ಮನ ಸಾಲು. ಪಕ್ಕದ ಕೋಣೆಯಿಂದ ಬರುತ್ತೆ. ಅದು ಬಂದ ಮೇಲೆ ನಾವು ಮುಂದಕ್ಕೆ ಹೋಗೋದು.’ ನರ್ಸಮ್ಮ ಸುಮ್ಮನಿರಬೇಕಲ್ಲ, ‘ಹಾಗಾದ್ರೆ ನನಗೆ ಆ ಸಾಲೂ ಕಲಿಸಿ’ ಅಂದರು. ಅದೇನು ಮಹಾ ಅಂತ ಬ್ಯಾಂಜೊ ತೊಡೆಯ ಮೇಲೆ ಇಟ್ಟುಕೊಂಡೆ. ಬರಲಿಲ್ಲ ಕಣೇ. ಬೆರಳು ತಂತಿಯ ಮೇಲೆ ನಿಂತೇ ಇತ್ತು. ಡಾಕ್ಟರು ಮೇಲಕ್ಕೆ ಹೋಗುತ್ತೆ ಅಂದರು, ಬೇಕರಿಯವನು ಇಲ್ಲ, ಕೆಳಗಿಳಿಯುತ್ತೆ ಅಂದ. ಇಬ್ಬರೂ ಗುನುಗಿದರು, ಎರಡೂ ಬೇರೆ ಬೇರೆ, ಎರಡೂ ನಿನ್ನದೇ ಅನ್ನಿಸಿತು. ಆಗ ಹೊಳೆಯಿತು, ಹಾಡು ಹೇಳಿಕೊಟ್ಟಾಗಲೂ ಆ ಸಾಲನ್ನು ನೀನು ನಿನಗೇ ಇಟ್ಟುಕೊಂಡಿದ್ದೆ, ಒಂದು ದಿನದ ಹಾಗೆ ಇನ್ನೊಂದು ದಿನ ನೀನು ಹಾಡುತ್ತಲೇ ಇರಲಿಲ್ಲ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಮಾತಿಲ್ಲದೆ, ಮೂಗಿನಲ್ಲೇ ಗುನುಗುತ್ತಿದ್ದೆ. ಖುಷಿಯಲ್ಲಿದ್ದರೆ ಸಾಲು ಮೇಲಕ್ಕೆ ಹೋಗಿ ಅಲ್ಲೇ ಸ್ವಲ್ಪ ಆಡಿಕೊಂಡು ಇಳಿಯುತ್ತಿತ್ತು. ಸಿಟ್ಟು ಬಂದಿದ್ದರೆ ಇದ್ದಲ್ಲೇ ಕಾಲೂರಿ ನಿಲ್ಲುತ್ತಿತ್ತು. ಇವತ್ತು ಊಟಕ್ಕೆ ಕೂತಾಗ ಬಾಯಿ ಬಿಡಬಹುದೋ ಬಾರದೋ ಅಂತ ನಾನು ಅದರಲ್ಲೇ ತಿಳಿದುಕೊಳ್ಳುತ್ತಿದ್ದೆ. ತಿಳಿದುಕೊಂಡೆನೇ ಹೊರತು ಸ್ವರ ಹಿಡಿದಿಡಲಿಲ್ಲ. ಸ್ನಾನದ ಮನೆಯಲ್ಲಿದ್ದರೂ ಯಾರ ಯಾವ ಬೆರಳು ತಪ್ಪಿತು ಅಂತ ಕೂಗಿ ಹೇಳುವ ಕಿವಿ ಇದು. ದೀಪದ ಬುಡದಲ್ಲಿ ಕತ್ತಲೆ. ನರ್ಸಮ್ಮನಿಗೆ, ‘ಅದು ಕಲಿಸೋಕೆ ಬರೋದಿಲ್ಲಮ್ಮ’ ಅಂದುಬಿಟ್ಟೆ. ನಾನು ಯಾವ ಶಿಷ್ಯರಿಗೂ ಹಾಗೆ ಹೇಳಿದವನಲ್ಲ.

ನೀನು ಹೊರಡುವಾಗ ಪೆಟ್ಟಿಗೆ ಮುಚ್ಚುತ್ತಾ ಹೇಳಿದ ಮಾತು ಈಗ ಮತ್ತೆ ಮತ್ತೆ ಕೇಳಿಸುತ್ತಿದೆ. ‘ಕಲಿಯೋರ ಮನೇಲೇ ಮುದುಕಿಯಾದೆ ನಾನು. ಚೆನ್ನಾಗಿ ನುಡಿಸೋಕೆ ಬಂದ ದಿನ ಎಲ್ಲರೂ ಹೊರಟುಹೋಗ್ತಾರೆ. ನನ್ನ ಪಾಲಿಗೆ ಉಳಿಯೋದು ಬರೀ ತಪ್ಪು ಸ್ವರ.’ ಆಗ ತಮಾಷೆ ಅಂದುಕೊಂಡು ನಕ್ಕಿದ್ದೆ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಅಂತಾರೆ, ನಮ್ಮ ಮನೆಯಲ್ಲಿ ರಾಗವಾಗುವಷ್ಟರಲ್ಲಿ ಅವರು ಮೆಟ್ಟಿಲಿಳಿದಿರುತ್ತಿದ್ದರು, ನೀನು ಹೇಳಿದ್ದು ನಿಜ. ನಿನ್ನೆ ಮಧ್ಯಾಹ್ನ ಯಂತ್ರದ ಹೊದಿಕೆ ತೆಗೆದು, ದಾರ ಬಿಚ್ಚಿ, ಬಟ್ಟೆಯಿಲ್ಲದೆ ಸುಮ್ಮನೆ ತುಳಿದೆ. ಬೈಯಬೇಡ, ಸೂಜಿಯನ್ನೂ ತೆಗೆದಿಟ್ಟಿದ್ದೆ. ಗೋಡೆಯ ಬ್ಯಾಂಜೊಗಳು ಎದ್ದು ಗುನುಗತೊಡಗಿದವು. ಕಣ್ಣು ಮುಚ್ಚಿಕೊಂಡು ತುಳಿಯುತ್ತಲೇ ಹೋದೆ. ಕೋಣೆ ತುಂಬ ನೀರು ನಿಂತ ಹಾಗೆ, ಕುರ್ಚಿ ಮೆಲ್ಲಗೆ ತೇಲಿದ ಹಾಗೆ ಆಯಿತು. ಮಂಜು ಕವಿದಿತ್ತು, ಆಚೆ ದಡ ಕಾಣುತ್ತಿರಲಿಲ್ಲ, ಅಲ್ಲಿ ಯಾರೋ ಬಟ್ಟೆ ಮಡಚುತ್ತಿರುವ ಸದ್ದು ಮಾತ್ರ ಬರುತ್ತಿತ್ತು. ನೀನೇ ಅಂತ ನನಗೆ ಗೊತ್ತಿತ್ತು. ಇನ್ನೇನು ನೀನು ಗುನುಗಬೇಕು, ಅಷ್ಟರಲ್ಲಿ ಇಸ್ತ್ರಿಯವನು ಯಂತ್ರದ ಸದ್ದು ಕೇಳಿ ಕೆಳಗಿನಿಂದ ‘ಅಮ್ಮ ಬಂದ್ರಾ ಮೇಷ್ಟ್ರೇ?’ ಅಂತ ಕೂಗಿದ. ಅವನ ದನಿಯಲ್ಲಿ ಎಷ್ಟು ಖುಷಿಯಿತ್ತು ಅಂದರೆ, ಇಲ್ಲಪ್ಪ ಅಂತ ಹೇಳುವುದು ನನಗೆ ಬಹಳ ಕಷ್ಟವಾಯಿತು. ಹೇಳಿ ಬಂದು ಯಂತ್ರಕ್ಕೆ ಮತ್ತೆ ಹೊದಿಕೆ ಹೊದಿಸಿದೆ.

ಬಿಸಿಲು ಗೋಡೆ ಬಿಟ್ಟು ಹೋಯಿತು, ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ನಿಮ್ಮಕ್ಕನವರಿಗೆ ನನ್ನ ನಮಸ್ಕಾರ ತಿಳಿಸು. ಇಸ್ತ್ರಿಯವನು, ಬೇಕರಿಯವನು, ಡಾಕ್ಟರು ಎಲ್ಲರೂ ಕೇಳಿದ್ದಾರೆ. ನರ್ಸಮ್ಮ ನಿನ್ನನ್ನು ಕಂಡೇ ಇಲ್ಲ, ಅವರೂ ಕೇಳಿದ್ದಾರೆ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ತಣ್ಣೀರಿನಲ್ಲಿ ನಿಂತು ಬಟ್ಟೆ ಒಗೆಯಬೇಡ. ನೀನು ಎಲ್ಲಿದ್ದರೂ ನಗುನಗುತ್ತಾ ಇರು.

ಇಂತಿ ನಿನ್ನ,
ಬ್ಯಾಂಜೊ ಮೇಷ್ಟ್ರು

ತಾ.ಕ.: ಸಹಿ ಹಾಕಿ ಎದ್ದವನಿಗೆ ಕೂತಿರಲಾಗಲಿಲ್ಲ, ಹೊರಗೆ ಹೋಗಿ ಬಂದೆ. ಇಸ್ತ್ರಿಯವನು ಪೇಟೆಗೆ ಹೊರಟು ಕೆಳಗೆ ಸೈಕಲ್ ಹಿಡಿದು ನಿಂತಿದ್ದಾನೆ, ಇದನ್ನು ಅಂಚೆಗೆ ಹಾಕುತ್ತಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಾರಿಯವನಿಗೆ ಹೇಳಿಯಾಯಿತು. ಗುರುವಾರ ಯಂತ್ರ ಬರುತ್ತದೆ, ಅದರ ಪಕ್ಕದಲ್ಲಿ ಕೂತು ನಾನೂ ಬರುತ್ತೇನೆ. ನಿನ್ನನ್ನು ಕರೆದುಕೊಂಡು ಬರುವುದಕ್ಕಲ್ಲ, ನೀನು ‘ಇರಿ’ ಅಂದರೆ ಅಲ್ಲೇ ಇರುವುದಕ್ಕೆ. ಪಾಠವನ್ನು ಬೇಕರಿಯವನಿಗೆ ಒಪ್ಪಿಸಿದೆ, ಒಲೆ ಆರಿಸಿದ ಮೇಲೆ ಬೇಕರಿಯ ಹಿಂದಿನ ಕೋಣೆಯಲ್ಲಿ ನಡೆಸುತ್ತಾನೆ, ನಾಳೆ ಬಂದು ಗೋಡೆಯ ಬ್ಯಾಂಜೊಗಳನ್ನು ಹೊತ್ತುಕೊಂಡು ಹೋಗುತ್ತಾನೆ. ನಾನು ಒಂದನ್ನೂ ತರುತ್ತಿಲ್ಲ, ಹೆದರಬೇಡ. ನೀನಿಲ್ಲದ ಕಡೆ ನನಗೆ ಇರಲಾಗುತ್ತಿಲ್ಲ, ವಿಷಯ ಇಷ್ಟೇ. ನಿಮ್ಮಕ್ಕನಿಗೆ ಮೊ‌ದಲೇ ಹೇಳಿಟ್ಟಿರು, ಬರುತ್ತಿರುವುದು ಮೇಷ್ಟ್ರಲ್ಲ, ನಿನ್ನ ಗಂಡ.