ಚುಕ್ಕಿಗೆರೆ

ಮಾರ್ಚ್ 3, ಸೋಮವಾರ. ಬಸ್ಸಲ್ಲಿ

ಮತ್ತೆ ನಿಂತಿದೆ. ಫ್ಲೈಓವರ್ ನೆತ್ತಿ ಮೇಲೆ, ನಲವತ್ತು ನಿಮಿಷದಿಂದ. ಕಿಟಕಿಯಿಂದ ಕ್ರೇನ್ ಎಣಿಸಿದೆ. ಹದಿನೇಳು. ಹೋದ ತಿಂಗಳು ಹನ್ನೊಂದಿತ್ತು. ಪಕ್ಕದ ಸೀಟಿನಾತ ಫೋನಲ್ಲಿ, "ಇನ್ನೈದು ವರ್ಷ ಕಣೋ, ದೊಡ್ಡಜ್ಜಿ ನಮ್ಮನ್ನ ನೋಡಿ ಊರುಗೋಲು ಹುಡುಕ್ತಾಳೆ" ಅಂತಿದ್ದ. ದೊಡ್ಡಜ್ಜಿ ಅಂದ್ರೆ ನಮ್ಮೂರು ಮೀರಿಸೋಕೆ ಹೊರಟಿರೋ ಕಡಲಾಚೆಯ ಹಳೇ ಮಹಾನಗರ, ಪೇಪರಿನವರಿಟ್ಟ ಅಡ್ಡಹೆಸರು. ಈಗ ಎಲ್ಲರ ಬಾಯಲ್ಲೂ ಅದೇ. ಕೇಳಿ ಖುಷಿಯಾಯ್ತು. ಯಾಕೆ ಸುಳ್ಳು ಹೇಳಲಿ.

ಮಧ್ಯಾಹ್ನ 3

ಜಲಮಂಡಳಿ ಆಫೀಸಲ್ಲಿ ಚೀಫ್ ಎಲ್ಲರನ್ನೂ ಕರೆದ್ರು. ಸುದ್ದಿ ನಿಜ. ಜಗತ್ತಿನ ವಿಮಾ ಕಂಪನಿಗಳ ಒಕ್ಕೂಟ ತನ್ನ ಕೇಂದ್ರ ಕಚೇರಿಯನ್ನ ದೊಡ್ಡಜ್ಜಿಯಿಂದ ಎತ್ತೋ ಯೋಚನೆಯಲ್ಲಿದೆ. ಕೊನೇ ಸುತ್ತಿನಲ್ಲಿ ಉಳಿದಿರೋದು ನಾವೊಬ್ಬರೇ. ಇಲ್ಲಿಗೆ ಬರೋದು, ಇಲ್ಲಾ ಅಲ್ಲೇ ಇರೋದು. ಹತ್ತಾರು ಸಾವಿರ ಕೆಲಸ. ಅವರ ತಂಡ 20ಕ್ಕೆ ಬರುತ್ತೆ. ವಿಮೆಯವರಲ್ವಾ, ಎತ್ತರದ ಕಟ್ಟಡ ನೋಡಿ ಮರುಳಾಗೋ ಪೈಕಿ ಅಲ್ಲ. ಮೊದಲ ಪ್ರಶ್ನೆಯೇ: ನಿಮ್ಮ ನೆಲದಡಿ ಏನಿದೆ? ನೀರಿನ ಕೊಳವೆಗಳ ನಕ್ಷೆ ತೋರಿಸಿ.

ಎಲ್ಲರೂ ನನ್ನ ಕಡೆ ತಿರುಗಿದ್ರು. ಜಲಮಂಡಳಿಯ ನಕ್ಷೆ ವಿಭಾಗ ಅಂದ್ರೆ ನಾನು, ಎರಡು ಕಂಪ್ಯೂಟರ್, ಒಂದು ಕೆಟ್ಟ ಫ್ಯಾನು.

ಮಾರ್ಚ್ 4, ಮಂಗಳವಾರ

ಇಡೀ ದಿನ ನಕ್ಷೆ ಮುಂದೆ. ಗಟ್ಟಿಗೆರೆ ಅಂದ್ರೆ ಅಗೆದು, ಕಣ್ಣಾರೆ ಕಂಡು ಗುರುತಿಸಿದ ಕೊಳವೆ. ಚುಕ್ಕಿಗೆರೆ ಅಂದ್ರೆ "ಇಲ್ಲಿರಬಹುದು". ನೂರಕ್ಕೆ ನಲವತ್ತೊಂದು ಪಾಲು ಚುಕ್ಕಿ! ಊರು ಓಡಿದ ಓಟಕ್ಕೆ ಕೊಳವೆ ಹೂತವರುಂಟು, ಬರೆದಿಟ್ಟವರಿಲ್ಲ.

ಮನೇಲಿ ಅತ್ತೆ ಹತ್ರ ಹೇಳಿಕೊಂಡೆ. ಇವರು ಲಾರಿ ತಗೊಂಡು ಹೋಗಿ ಹತ್ತು ದಿನ, ಹೇಳೋಕೆ ಬೇರೆ ಯಾರಿದ್ದಾರೆ. ಅತ್ತೆ ಬಕೆಟ್ ಕೆಳಗಿಟ್ಟು ಸೊಂಟ ಹಿಡ್ಕೊಂಡು, "ಹುಲಿ ನೋಡಿ ನರಿ ಬರೆ ಹಾಕ್ಕೊಂಡಿತಂತೆ. ಮೊದಲು ನಮ್ಮ ಮೂರನೇ ಮಹಡಿಗೆ ನೀರು ಹತ್ತಿಸು, ಆಮೇಲೆ ಅಜ್ಜಿ ಜೊತೆ ಕುಸ್ತಿ" ಅಂದ್ರು.

ಸಿಟ್ಟು ಬಂತು. ಬಕೆಟ್ ಎತ್ಕೊಂಡು ಒಳಗೆ ಹೋದೆ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಐದಕ್ಕೇ ಪಾತಾಳಣ್ಣನ ಜೊತೆ ಹೊರಟೆ. ಮೂವತ್ತಾರು ವರ್ಷದಿಂದ ವಾಲ್ವ್ ತಿರುಗಿಸೋನು. ನೆಲದ ಕೆಳಗಿನದ್ದೆಲ್ಲ ಬಲ್ಲ ಅಂತ ಆ ಹೆಸರು. ಟ್ರಾಫಿಕ್ ಏಳೋ ಮೊದಲು ಕಬ್ಬಿಣದ ಕೋಲನ್ನ ರಸ್ತೆಗೆ ಊರಿ, ಇನ್ನೊಂದು ತುದಿ ಕಿವಿಗಿಟ್ಟು ನೀರಿನ ಸದ್ದು ಹಿಡೀತಾನೆ. ಮೂರು ಬೀದಿಯಲ್ಲಿ ನನ್ನ ನಕ್ಷೆ ಸುಳ್ಳು. ಒಂದು ಕಡೆ ಅಂತೂ ಕೊಳವೆ ಇರೋದು ಸಿನಿಮಾ ಟಾಕೀಸಿನ ಅಡಿಯಲ್ಲಿ.

"ಯಾಕಣ್ಣ ಇಷ್ಟು ದಿನ ಹೇಳಲಿಲ್ಲ?"

"ಯಾರಾದ್ರೂ ಕೇಳಿದ್ರೆ ತಾನೆ?"

ಒಂದು ದಿನಕ್ಕೆ ಎರಡು ಬೀದಿ, ಹೆಚ್ಚಂದ್ರೆ ಮೂರು. ಬಾಕಿ ಬೀದಿ ಆರುನೂರ ಚಿಲ್ಲರೆ. ಬಾಕಿ ದಿನ ಹದಿನಾಲ್ಕು.

ಮಾರ್ಚ್ 9, ಭಾನುವಾರ

ಅಕ್ಕನ ಫೋನು. ಹತ್ತೊಂಬತ್ತು ವರ್ಷದಿಂದ ದೊಡ್ಡಜ್ಜಿಯ ಮಡಿಲಲ್ಲಿ, ರೈಲ್ವೆ ಸ್ಟೇಷನ್ ತೊಳೆಯೋ ಕೆಲಸ.

"ನಿಮ್ಮೂರು ನಮ್ಮೂರನ್ನ ಮೀರಿಸುತ್ತಂತೆ, ಇಲ್ಲಿ ಪೇಪರಲ್ಲೂ ಬಂದಿದೆ" ಅಂತ ನಕ್ಕಳು. ಯಾವಾಗಿನಿಂದ "ನಿಮ್ಮೂರು", "ನಮ್ಮೂರು" ಆಯ್ತೋ.

"ಅಲ್ಲೇನು ಎಲ್ಲ ಚಿನ್ನದ ತಗಡಾ?" ಅಂದೆ.

"ಎಲ್ಲಿಯ ಚಿನ್ನ ಪುಟ್ಟಿ, ಮನೆ ಮುಂದೆ ಅಗೆದು ಹನ್ನೊಂದು ವಾರ ಆಯ್ತು. ಅಜ್ಜನ ಕಾಲದ ಪೈಪು. ಆದ್ರೆ ಅಗೆಯೋ ಮುಂಚೆ ಬಾಗಿಲಿಗೆ ಒಂದು ಚೀಟಿ ಹಾಕಿದ್ರು. ಕೆಳಗೆ ಏನಿದೆ ನಮಗೆ ಪೂರ್ತಿ ಗೊತ್ತಿಲ್ಲ, ತಡ ಆಗಬಹುದು, ಕ್ಷಮಿಸಿ ಅಂತ."

"ಗೊತ್ತಿಲ್ಲ ಅಂತ ಬರೆದಿದ್ರಾ?"

"ಹೂಂ. ಸಹಿ ಸಮೇತ."

ಮಾರ್ಚ್ 10, ಸೋಮವಾರ

ಆಸ್ಪತ್ರೆ ರಸ್ತೆ. ದೊಡ್ಡ ಕೊಳವೆ, ಅರ್ಧ ಊರಿಗೆ ನೀರು ಕೊಡೋದು. ನಕ್ಷೆಯಲ್ಲಿ ಪಡುವಣ ಬದಿಗೆ, ಚುಕ್ಕಿಯಲ್ಲಿ. ಪಾತಾಳಣ್ಣ ನಾಲ್ಕು ಸಲ ಕೋಲು ಊರಿದ. ತಲೆ ಕೆರ್ಕೊಂಡ.

"ನಂಗ್ಯಾಕೋ ಮೂಡಣ ಬದಿ ಅನಿಸುತ್ತೆ ಕಣಮ್ಮ. ಆದ್ರೆ ಆಣೆ ಇಟ್ಟು ಹೇಳಲ್ಲ. ಅಗೆದು ನೋಡ್ಬೇಕು."

ಅಗೆಯೋಕೆ ಅನುಮತಿ ಕೇಳಿದೆ. ಆ ರಸ್ತೆಗೆ ಹೋದ ವಾರ ತಾನೆ ಹೊಸ ಡಾಂಬರು, ಅತಿಥಿಗಳು ಅದೇ ದಾರೀಲಿ ಬರೋದು. ಆಗಲ್ಲ ಅಂದ್ರು.

ಮಾರ್ಚ್ 13, ಗುರುವಾರ

ಚೀಫ್ ತಾವೇ ನನ್ನ ಟೇಬಲಿಗೆ ಬಂದ್ರು. ಸ್ಟೂಲ್ ಎಳ್ಕೊಂಡು ಕೂತ್ರು.

"ಎಲ್ಲ ಗಟ್ಟಿ ಮಾಡಿಬಿಡಮ್ಮ."

"ಏನು ಸಾರ್?"

"ಚುಕ್ಕಿಗಳನ್ನ. ಅವರು ಹೋದ ಮೇಲೆ ಮತ್ತೆ ಚುಕ್ಕಿ ಮಾಡ್ಕೊ, ಯಾರು ಬೇಡ ಅಂತಾರೆ."

ಮೌಸಿನಿಂದ ಕೈ ತೆಗೆದೆ. ಅವರು ದನಿ ಇಳಿಸಿ: "ನಾನು ಮೀಟರ್ ಓದೋನಾಗಿ ಸೇರಿದ್ದು. ಆಗ ನಕಾಶೆಯಲ್ಲಿ ಈ ಊರಿಗೆ ಒಂದು ಚುಕ್ಕೆ ಕೂಡ ಇಡ್ತಿರಲಿಲ್ಲ. ದೊಡ್ಡಜ್ಜಿಗೆ ಟ್ರೈನಿಂಗಿಗೆ ಕಳಿಸಿದ್ರು ಒಮ್ಮೆ. ಎಲ್ಲಿಂದ ಬಂದೆ ಅಂತ ಕೇಳಿದ್ರು, ಹೇಳಿದೆ. ಅದೆಲ್ಲಿದೆ ಅಂದ್ರು. ಒಂದೇ ಒಂದು ಸಲ, ರಿಟೈರ್ ಆಗೋ ಮೊದಲು, ಅವರ ಬಾಯಲ್ಲಿ ನಮ್ಮೂರ ಹೆಸರು ಕೇಳ್ಬೇಕು ನಾನು."

ಒಂದು ಮೆನು. ಒಂದು ಆಯ್ಕೆ. ಎರಡು ಸೆಕೆಂಡು.

ಒತ್ತಿದೆ.

ಅವರು ಹೇಳಿದ್ರು ಅಂತ ಮಾತ್ರ ಅಲ್ಲ. ನಂಗೂ ಗೆಲ್ಲಬೇಕಿತ್ತು. ಇದನ್ನ ಎಲ್ಲಾದ್ರೂ ಬರೆದಿಡಬೇಕು, ಬರೆದೆ.

ಮಾರ್ಚ್ 20, ಗುರುವಾರ

ಒಂದು ವಾರ ಈ ಪುಸ್ತಕ ಮುಟ್ಟಲಿಲ್ಲ. ನಿದ್ದೆ ಸರಿ ಇಲ್ಲ. ಅತ್ತೆ ಮಾತಾಡಿಸಿದ್ರೂ ರೇಗ್ತೀನಿ.

ಇವತ್ತು ತಂಡ ಬಂತು. ಏಳು ಜನ. ಆರು ಮಂದಿ ಗೋಡೆ ಮೇಲಿನ ನಕ್ಷೆ ನೋಡಿ ವಾಹ್ ಅಂದ್ರು. ಏಳನೆಯವರು ದೊಡ್ಡಜ್ಜಿಯ ಕಡೆಯ ಇಂಜಿನಿಯರಮ್ಮ. ಬೆಳ್ಳಿ ಕೂದಲು, ಸವೆದ ಬೂಟು. ಕನ್ನಡಕ ಹಣೆಗೇರಿಸಿ, ಮೂಗು ತಾಗೋವಷ್ಟು ಹತ್ತಿರ ನಿಂತು, ಈ ತುದಿಯಿಂದ ಆ ತುದಿಗೆ ನಡೆದ್ರು. ಎರಡು ಸಲ.

"ನಕ್ಷೆ ಮಾಡಿದ್ದು ಯಾರು?"

"ನಾನು."

"ನಮ್ಮಲ್ಲಿ ನೂರೈವತ್ತು ವರ್ಷದಿಂದ ನಕ್ಷೆ ಬರೀತಿದ್ದೀವಿ. ಈಗಲೂ ಐದರಲ್ಲಿ ಒಂದು ಗೆರೆ ಚುಕ್ಕಿ. ನಿಮ್ಮಲ್ಲಿ ಒಂದೂ ಇಲ್ಲವಲ್ಲ. ಹೇಗೆ ಸಾಧ್ಯ ಆಯ್ತು?"

ವ್ಯಂಗ್ಯ ಇರಲಿಲ್ಲ ದನಿಯಲ್ಲಿ. ನಿಜವಾಗಿ ಕಲಿಯೋಕೆ ಕೇಳಿದ ಹಾಗಿತ್ತು. ಅದೇ ಚುಚ್ಚಿದ್ದು.

ಚೀಫ್ ಮುಂದೆ ಬಂದು, "ನಮ್ಮದು ಹೊಸ ಊರು ಮೇಡಂ. ಹಳೇ ಹೊರೆ ಇಲ್ಲ" ಅಂದ್ರು. ಎಲ್ಲರೂ ನಕ್ಕರು. ಆಕೆ ನನ್ನನ್ನೇ ನೋಡ್ತಿದ್ರು. ನಾನು ನೆಲ ನೋಡಿದೆ. ತಮ್ಮ ಕಾರ್ಡ್ ಕೈಗಿಟ್ಟು ಹೋದ್ರು.

ಹೊರಗೆ ಕಾರಿಡಾರಲ್ಲಿ ಸಿಹಿ ಹಂಚ್ತಿದ್ರು. ನನ್ನ ಪಾಲನ್ನ ಕಾಗದದಲ್ಲಿ ಕಟ್ಟಿ ಬ್ಯಾಗಿಗೆ ಹಾಕ್ಕೊಂಡೆ.

ಮಾರ್ಚ್ 24, ಸೋಮವಾರ. ಬೆಳಿಗ್ಗೆ 11

ಆಸ್ಪತ್ರೆ ರಸ್ತೆ ಒಡೀತು.

ಸಂಜೆ 7

ಕ್ರಮವಾಗಿ ಬರೀತೀನಿ.

ಅಲ್ಲೊಂದು ಹೊಸ ಟವರಿಗೆ ಅಡಿಪಾಯ. ಕಂಟ್ರಾಕ್ಟರ್ ನಮ್ಮ ವೆಬ್‌ಸೈಟಿಂದ ನಕ್ಷೆ ಇಳಿಸ್ಕೊಂಡಿದ್ದಾನೆ, ನಾನಿನ್ನೂ ಚುಕ್ಕಿಗೆ ತಿರುಗಿಸದೇ ಇದ್ದದ್ದನ್ನ. ಗಟ್ಟಿಗೆರೆ ಪಡುವಣಕ್ಕಿದೆ, ಸರಿ, ಮೂಡಣಕ್ಕೆ ಕೊರೆದಿದ್ದಾನೆ. ಅವನದೇನು ತಪ್ಪು? ಚುಕ್ಕಿ ಇದ್ದಿದ್ರೆ ಮೊದಲು ಕೈಯಲ್ಲಿ ಅಗೆದು ನೋಡ್ಬೇಕು ಅನ್ನೋದು ನಿಯಮ.

ನಾನು ಹೋಗೋ ಹೊತ್ತಿಗೆ ನೀರು ಮೂರನೇ ಮಹಡಿ ಎತ್ತರಕ್ಕೆ ಚಿಮ್ಮುತ್ತಿತ್ತು. ಕೆಳಗಿನ ಓಣಿಯ ಮನೆಗಳಲ್ಲಿ ಮಂಡಿಯುದ್ದ ಕೆಸರು. ಒಬ್ಬಾಕೆ ಹಾಸಿಗೆ ತಲೆ ಮೇಲೆ ಹೊತ್ಕೊಂಡು ನಿಂತಿದ್ದಳು. ಎಲ್ಲಿ ಇಡೋದು ಅಂತ ಗೊತ್ತಿಲ್ಲದೆ, ಹಾಗೇ.

ವಾಲ್ವ್ ಮುಚ್ಚಬೇಕು. ವಾಲ್ವಿನ ಮುಚ್ಚಳ ಹೊಸ ಡಾಂಬರಿನ ಅಡಿಯಲ್ಲಿ. ಪಾತಾಳಣ್ಣ ಲೈಟ್ ಕಂಬದಿಂದ ಹೆಜ್ಜೆ ಹಾಕಿ, "ಇಲ್ಲಿ ಒಡೀರಿ" ಅಂದ. ಒಡೆದ್ರು. ಅಲ್ಲೇ ಇತ್ತು. ತಾನೇ ಗುಂಡಿಗಿಳಿದ. ಸೊಂಟದುದ್ದ ನೀರಲ್ಲಿ ನಿಂತು ತಿರುಗಿಸಿದ, ಒಂದು ಗಂಟೆ ಹತ್ತು ನಿಮಿಷ. ನೀರು ನಿಂತಾಗ ಜನ ಚಪ್ಪಾಳೆ ತಟ್ಟಿದ್ರು. ಹತ್ತಿ ಬರೋವಾಗ ಮುಚ್ಚಳ ಜಾರಿ ಬಲಗೈ ಮೇಲೆ ಬಿತ್ತು.

ಎರಡು ಬೆರಳು ಹೋಯ್ತು.

ಮಾರ್ಚ್ 25, ಮಂಗಳವಾರ

ಅರ್ಧ ಊರಿಗೆ ನೀರಿಲ್ಲ. ಆಸ್ಪತ್ರೆಯಲ್ಲಿ ಆಪರೇಷನ್ ಮುಂದಕ್ಕೆ ಹಾಕಿದ್ದಾರಂತೆ. ಟ್ಯಾಂಕರ್ ಮುಂದೆ ಜಗಳ. ಅತ್ತೆ ಎರಡು ಕೊಡ ತಗೊಂಡು ಸುಮ್ಮನೆ ಮೆಟ್ಟಿಲಿಳಿದ್ರು. ಬೈದಿದ್ರೇ ಚೆನ್ನಾಗಿತ್ತು.

ಆಫೀಸಿಗೆ ಹೋದ ಕೂಡ್ಲೇ ಮಾಡಿದ ಮೊದಲ ಕೆಲಸ: ಹಳೇ ನಕ್ಷೆ ತೆಗೆದು ವೆಬ್‌ಸೈಟಿಗೆ ಹಾಕಿದೆ, ಚುಕ್ಕಿ ಸಮೇತ. ಎರಡನೇದು: ಆ ಕಾರ್ಡಿನ ವಿಳಾಸಕ್ಕೆ ಅದನ್ನೇ ಕಳಿಸಿದೆ. ಜೊತೆಗೆ ಒಂದು ಸಾಲು. "ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು, ಅವತ್ತು ಹೇಳೋ ಧೈರ್ಯ ಆಗಲಿಲ್ಲ."

ಯಾರನ್ನೂ ಕೇಳಲಿಲ್ಲ.

ಮಾರ್ಚ್ 28, ಶುಕ್ರವಾರ

ವಿಚಾರಣೆ ಬುಧವಾರ. ಚೀಫ್ ಬಾಗಿಲು ಹಾಕಿ ಕೂರಿಸಿದ್ರು. ನಾಲ್ಕು ದಿನದಲ್ಲಿ ಹತ್ತು ವರ್ಷ ವಯಸ್ಸಾಗಿದೆ ಅವರಿಗೆ.

"ಆಸ್ಪತ್ರೆ ರಸ್ತೆ ಗಟ್ಟಿ ಅಂತ ವಾಲ್ವ್‌ಮ್ಯಾನ್ ಬಾಯಿಮಾತಲ್ಲಿ ಹೇಳಿದ್ದ ಅನ್ನು. ಅವನಿಗೆ ಇನ್ನು ಎಂಟು ತಿಂಗಳು ಸರ್ವೀಸು. ಈಗ ಎಲ್ಲರ ಕಣ್ಣಲ್ಲಿ ಹೀರೋ ಬೇರೆ. ಏನೂ ಮಾಡಲ್ಲ ಅವನಿಗೆ. ನಿಂಗೆ ಇನ್ನೂ ಹದಿನೇಳು ವರ್ಷ ಇದೆ."

ಲೆಕ್ಕ ಸರಿಯಾಗೇ ಇದೆ. ಅದೇ ಹೆದರಿಕೆ.

ಮಾರ್ಚ್ 30, ಭಾನುವಾರ

ಪಾತಾಳಣ್ಣನ ವಾರ್ಡು. ಕೈ ಪೂರ್ತಿ ಬ್ಯಾಂಡೇಜು, ಮುಖದಲ್ಲಿ ಮಾಮೂಲು ನಗು. ಯಾರೋ ಆಗಲೇ ಬಂದು ಹೇಳಿ ಹೋಗಿದ್ದಾರೆ.

"ನನ್ನ ಹೆಸರೇ ಹೇಳಮ್ಮ. ನಂಗೇನು, ಮುಳುಗಿದವನಿಗೆ ಚಳಿಯೇನು ಮಳೆಯೇನು."

"ನೀನು ಅಗೆದು ನೋಡ್ಬೇಕು ಅಂದಿದ್ದೆ ಅಣ್ಣ."

"ಅಂದಿದ್ದೆ. ಯಾರು ಕೇಳಿಸ್ಕೊಂಡ್ರು?"

"ನಾನು ಕೇಳಿಸ್ಕೊಂಡಿದ್ದೆ."

ಎಡಗೈಲಿ ಕಿತ್ತಳೆ ಸುಲಿಯೋಕೆ ಹೋಗಿ ಉರುಳಿಸಿದ. ಎತ್ತಿ ಸುಲಿದು ಕೊಟ್ಟೆ. ತಿಂದ. ನಾನೂ ಎರಡು ತೊಳೆ ತಿಂದೆ. ಮನೆಗೆ ಬಸ್ ಹತ್ತಲಿಲ್ಲ, ನಡೆದೇ ಬಂದೆ.

ಏಪ್ರಿಲ್ 2, ಬುಧವಾರ

ಹೇಳಿದೆ. ಒತ್ತಿದ್ದು ನಾನು. ಒತ್ತು ಅಂದವರು ಚೀಫ್. ಅನುಮಾನ ಇದೆ ಅಂತ ಪಾತಾಳಣ್ಣ ಒತ್ತೋ ಮೂರು ದಿನ ಮುಂಚೆಯೇ ಎಚ್ಚರಿಸಿದ್ದ. ಅಗೆಯೋಕೆ ಅನುಮತಿ ಕೇಳಿದ ಪತ್ರ ಇಟ್ಟೆ. ಇಪ್ಪತ್ತು ನಿಮಿಷ. ನೀರು ಬೇಕಾ ಅಂತ ಕೇಳಿದ್ರು. ಬೇಡ ಅಂದೆ.

ಹೊರಗೆ ಬೆಂಚಲ್ಲಿ ಚೀಫ್ ಕೂತಿದ್ರು. ಎದ್ದು ನಿಂತ್ರು. ಬೈತಾರೆ ಅಂದುಕೊಂಡೆ.

"ನಾನಾಗಿದ್ರೆ ಹೇಳ್ತಿರಲಿಲ್ಲ" ಅಂದ್ರು, ಅಷ್ಟೇ.

ಏಪ್ರಿಲ್ 21, ಸೋಮವಾರ

ಒಂದೇ ದಿನ ಎರಡು ಕಾಗದ.

ಒಂದು ಮಂಡಳಿಯದ್ದು. ಎರಡು ವರ್ಷ ಬಡ್ತಿ ಇಲ್ಲ, ನಕ್ಷೆ ವಿಭಾಗದಿಂದ ಫೀಲ್ಡಿಗೆ. ಚೀಫ್ ಬೇರೆ ಊರಿಗೆ. ಪಾತಾಳಣ್ಣನ ಮೇಲೆ ಏನೂ ಇಲ್ಲ. ಅದನ್ನ ಎರಡು ಸಲ ಓದಿದೆ.

ಇನ್ನೊಂದು ಇಂಜಿನಿಯರಮ್ಮನದು. ಒಕ್ಕೂಟ ದೊಡ್ಡಜ್ಜಿಯಲ್ಲೇ ಉಳಿಯುತ್ತೆ. ಕೆಳಗೆ ಕೈಬರಹದಲ್ಲಿ: "ಕೊಳವೆ ಒಡೆದದ್ದಕ್ಕಲ್ಲ. ನಮ್ಮಲ್ಲಿ ವಾರಕ್ಕೊಂದು ಒಡೆಯುತ್ತೆ. ಈ ಎರಡನೇ ನಕ್ಷೆಯನ್ನು ಅವತ್ತೇ ಗೋಡೆಗೆ ಹಾಕಿದ್ದಿದ್ದರೆ ನಿಮ್ಮ ಪರ ವಾದಿಸೋಕೆ ನನ್ನ ಹತ್ತಿರ ಏನಾದರೂ ಇರ್ತಿತ್ತು."

ಅಡುಗೆಮನೆ ಬಾಗಿಲು ಹಾಕ್ಕೊಂಡು ಅತ್ತುಬಿಟ್ಟೆ. ಕುಕ್ಕರ್ ಕೂಗೋವಷ್ಟು ಹೊತ್ತು. ಯಾರಿಗೂ ಕೇಳಿಸಿರಲಿಕ್ಕಿಲ್ಲ.

ಏಪ್ರಿಲ್ 27, ಭಾನುವಾರ

ಅಕ್ಕ ಕೇಳಿದಳು, "ಸೋತ್ರಾ ಹಂಗಾದ್ರೆ?" ಗೊತ್ತಿಲ್ಲ ಅಂದೆ. ಈ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತು ಅಂತ ನಂಗೇ ಆಶ್ಚರ್ಯ.

ಮೀರಿಸ್ತೀವೋ ಇಲ್ವೋ. ದೊಡ್ಡಜ್ಜಿಗೆ ನೂರೈವತ್ತು ವರ್ಷ ಸಿಕ್ಕಿತ್ತು. ನಮಗೆ ಐದರಲ್ಲಿ ಮುಗಿಸೋ ಆತುರ. ನಂಗೂ ಆತುರವೇ, ಈಗಲೂ. ಕೂತಲ್ಲಿ ಕೂರಕ್ಕಾಗ್ತಿಲ್ಲ. ಹೊಸ ಆಫೀಸರ್ ಬಂದಿದ್ದಾರಂತೆ. ಬೀದಿ ಬೀದಿ ಸರ್ವೆಗೆ ಆರು ಜನ ಕೊಡ್ತಾರಂತೆ. ಅಂತೆಕಂತೆ.

ಮೇ 6, ಮಂಗಳವಾರ. ಬೆಳಿಗ್ಗೆ 6:20

ನಿಜವಾಗಿ ಕೊಟ್ಟಿದ್ದಾರೆ. ಆರಲ್ಲ, ನಾಲ್ಕು ಜನ. ಬಟ್ಟೆ ಮಾರ್ಕೆಟ್ ಹಿಂದಿನ ಓಣಿಯಲ್ಲಿ ನಿಂತಿದ್ದೀವಿ. ಟೇಪು ಹಿಡಿಯೋಕೇ ಬರಲ್ಲ ಇಬ್ಬರಿಗೆ. ಒಬ್ಬಳಿಗೆ ಈಗಾಗಲೇ ಹಸಿವು. ಇವತ್ತು ಒಂದು ಬೀದಿ ಮುಗಿದ್ರೆ ಪುಣ್ಯ.

ಹೊಲಿಗೆ ಅಂಗಡಿಯ ಮುದುಕಿ ಶಟರ್ ಎತ್ತಿ, ಸೊಂಟಕ್ಕೆ ಕೈ ಕೊಟ್ಟು ನಮ್ಮನ್ನೇ ನೋಡ್ತಿದ್ದಾಳೆ. ಏನು ಕಳ್ಕೊಂಡಿದ್ದೀರಿ ಅಂದಳು. ನೀರಿನ ಪೈಪು ಅಜ್ಜಿ, ಎಲ್ಲಿದೆ ಅಂತ ಗೊತ್ತಿಲ್ಲ ಅಂದೆ. ಅಯ್ಯೋ, ಅದನ್ನ ಹೂಳೋವಾಗ ನಾನೇ ಅವರಿಗೆಲ್ಲ ಟೀ ಕೊಟ್ಟಿದ್ದು, ಬಾ ತೋರಿಸ್ತೀನಿ ಅಂತ ಆಗಲೇ ಹೊರಟೇಬಿಟ್ಟಳು, ಓಣಿ ತುದಿಗಲ್ಲ, ನಾವ್ಯಾರೂ ಅಂದುಕೊಂಡಿರದ ಕಡೆ, ಗೋಡೆ ಸಂದಿಯಲ್ಲಿ ನುಗ್ಗಿ — ನಿಲ್ಲು ಅಜ್ಜಿ, ಬಂದೆ, ಪುಸ್ತಕ ಮುಚ್ಚಿ