ತಟ್ಟೆಯ ಕೆಳಗಿನ ಚೀಟಿ

ಶ್ರೀನಗರ, ಬೆಂಗಳೂರು
ಶನಿವಾರ, 8 ಫೆಬ್ರವರಿ 2025

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕೈ ನೋವು ಕಡಿಮೆಯಾಯಿತೇ? ಹುಳಿಮಾವಿನಲ್ಲಿ ಕೆರೆ ಕಡೆಯಿಂದ ಸೊಳ್ಳೆ ಜಾಸ್ತಿ ಎಂದು ಮೆಸೇಜ್ ಹಾಕಿದ್ದೆಯಲ್ಲ, ಕಿಟಕಿಗೆ ಜಾಲರಿ ಹಾಕಿಸಿದಿರಾ? ದಿವ್ಯ ಆಂಟಿ ಚೆನ್ನಾಗಿದ್ದಾರೆ ತಾನೇ? ಇಲ್ಲಿ ಅಜ್ಜಿಯ ಬಿಪಿ ಹತೋಟಿಯಲ್ಲಿದೆ. ಬೆಳಗಿನ ಡಿಕಾಕ್ಷನ್ ಈಗ ಅಪ್ಪನೇ ಹಾಕುತ್ತಾರೆ. ನೀರು ನೀರಾಗಿರುತ್ತದೆ, ಯಾರೂ ಏನೂ ಅನ್ನುವುದಿಲ್ಲ. ನಾನೂ ಚೆನ್ನಾಗಿದ್ದೇನೆ. ಅಂದರೆ ಊಟ ಮಾಡುತ್ತೇನೆ, ಕಾಲೇಜಿಗೆ ಹೋಗುತ್ತೇನೆ, ಎಲ್ಲರೂ ನಕ್ಕಾಗ ನಗುತ್ತೇನೆ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ನಮ್ಮ ಕೆನ್ನೆಯನ್ನು ನಾವೇ ಮುಟ್ಟಿಕೊಂಡರೆ ಯಾರದೋ ಕೆನ್ನೆ ಅನ್ನಿಸುತ್ತದಲ್ಲ, ಆರು ತಿಂಗಳಿಂದ ಹಾಗಿದೆ. ನೋವೇನಿಲ್ಲ, ಗಾಬರಿಯಾಗಬೇಡ.

ಫೋನ್ ಎತ್ತದವಳು ಪತ್ರ ಬರೆಯುತ್ತಿದ್ದಾಳಲ್ಲ ಎಂದು ನಿನಗೆ ಆಶ್ಚರ್ಯವಾಗಿರಬೇಕು. ಫೋನಿನಲ್ಲಾದರೆ ನೀನು ಅಳುತ್ತೀಯ, ನನಗೆ ಅಳು ಬರುವುದಿಲ್ಲ, ಆಮೇಲೆ ಇಬ್ಬರಿಗೂ ಕಷ್ಟ. ಅದೂ ಅಲ್ಲದೆ ನಾನು ಹೇಳಬೇಕಾದದ್ದು ಮಧ್ಯೆ ಯಾರಾದರೂ ಮಾತಾಡಿದರೆ ನಿಂತುಹೋಗುವಂಥದ್ದು. ಅಲ್ಲಿಗೆ ಬರುತ್ತೇನೆ, ಸ್ವಲ್ಪ ಸುತ್ತಿ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಈ ಸೆಮಿಸ್ಟರಿಗೆ ನಮಗೊಂದು ಪ್ರಾಜೆಕ್ಟು ಕೊಟ್ಟಿದ್ದಾರೆ. ನಾಲ್ಕು ಜನ ಸೇರಿ ಒಂದು ನೋಯರ್ ಸಿನಿಮಾದ ಮೊದಲ ಎರಡು ನಿಮಿಷ ಮಾಡಬೇಕು. ಪೂರ್ತಿ ಸಿನಿಮಾ ಅಲ್ಲ, ಆರಂಭ ಮಾತ್ರ. ನೋಯರ್ ಎಂದರೆ ಹಳೆಯ ಕಪ್ಪು ಬಿಳುಪು ಪತ್ತೇದಾರಿ ಚಿತ್ರಗಳ ಧಾಟಿ. ಅರ್ಧ ಮುಖ ಕತ್ತಲಲ್ಲಿರುತ್ತದೆ, ಟೋಪಿ ಕೋಟು ಹಾಕಿದ ಗಂಡಸು, ಏನನ್ನೋ ಮುಚ್ಚಿಡುವ ಹೆಂಗಸು. ಅದರಲ್ಲಿ ಪೂರ್ತಿ ಒಳ್ಳೆಯವರು ಯಾರೂ ಇರುವುದಿಲ್ಲ. ನಮ್ಮ ಮೇಷ್ಟ್ರು ನೀಲಕಂಠಪ್ಪ ಸರ್ ಹೇಳಿದ್ದು ಇಷ್ಟೇ: "ನೋಡೋರಿಗೆ ಒಂದು ಪ್ರಶ್ನೆ ಹುಟ್ಬೇಕು. ಉತ್ತರ ಕೊಟ್ರೋ, ಮಾರ್ಕ್ಸ್ ಕಟ್." ನಮ್ಮ ಗುಂಪಿಗೆ ಸಮನ್ವಿತಾ ನಿರ್ದೇಶಕಿ. ನೆನಪಿದೆಯಾ, ನಿನ್ನ ಹತ್ತಿರ ಬ್ಲೌಸ್ ಹೊಲಿಸಿಕೊಂಡು ಮೂರು ಸಲ ತೋಳು ಬಿಚ್ಚಿಸಿದವಳು. ಹಾಗೆಯೇ ಸಿನಿಮಾ ಕೂಡ ಮಾಡುತ್ತಾಳೆ. ಕ್ಯಾಮೆರಾ ಮನೋಜನದು. ಅವರ ಮನೆಯವರು ನೀರಿನ ಟ್ಯಾಂಕರ್ ಇಟ್ಟವರು. ಶಬ್ದದ ಕೆಲಸ ಅರ್ಪಿತಳದು, ತಾನು ಮಾತಾಡದೆ ಬೇರೆಯವರ ಉಸಿರಾಟ ಕೂಡ ಕೇಳಿಸಿಕೊಳ್ಳುವ ಹುಡುಗಿ. ಬರೆಯುವುದು ನನ್ನ ಪಾಲು.

ಮೊದಲ ಸಭೆ ಜಯನಗರದ ಪಾರ್ಕಿನಲ್ಲಿ ಸೇರಿತು. ಜಗಳ ಬೇಡವೆಂದು ಸಮನ್ವಿತಾ ಒಂದು ನಿಯಮ ಮಾಡಿದಳು. ಯಾರಿಗೆ ಏನು ಹೊಳೆದರೂ ಹೆಸರು ಹಾಕದೆ ಹಳದಿ ಚೀಟಿಯಲ್ಲಿ ಬರೆದು ಅವಳ ಖಾಲಿ ಟಿಫಿನ್ ಡಬ್ಬಿಗೆ ಹಾಕಬೇಕು. ಅವಳು ಓದುತ್ತಾಳೆ, ಎಲ್ಲರೂ ಕೈ ಎತ್ತಿ ಮತ ಹಾಕಬೇಕು. ಮೊದಲು ಬಂದದ್ದು ಪಿಸ್ತೂಲು. ಕಾಲೇಜಿನಲ್ಲಿ ಆಟಿಕೆಯದ್ದನ್ನೂ ತರುವಂತಿಲ್ಲ. ಸಿಗರೇಟೂ ಇಲ್ಲ. ಮಳೆ ಎಂದು ಬರೆದದ್ದು ಯಾರೆಂದು ಎಲ್ಲರಿಗೂ ಗೊತ್ತಾಯಿತು, ಯಾಕೆಂದರೆ ಮನೋಜ್ ತಡೆಯಲಾರದೆ "ಟ್ಯಾಂಕರ್ ನಾನ್ ತರಿಸ್ತೀನಿ ಗುರು, ನೀವ್ ಹೂಂ ಅನ್ನಿ ಸಾಕು" ಅಂದ. ಬೇಸಿಗೆಗೆ ಮುಂಚೆ ರಸ್ತೆಗೆ ನೀರು ಸುರಿದರೆ ಅಕ್ಕಪಕ್ಕದವರು ನಮ್ಮನ್ನೇ ತೊಳೆದುಹಾಕುತ್ತಾರೆಂದು ಸಮನ್ವಿತಾ ಆ ಚೀಟಿಯನ್ನು ಹರಿದಳು. ಆಮೇಲೆ ಬಂದದ್ದು ನನ್ನದು. ಬರೆಯುವಾಗ ನಾನು ಯೋಚನೆಯನ್ನೇ ಮಾಡಿರಲಿಲ್ಲ ಅಮ್ಮಾ, ಕೈ ಬರೆದುಬಿಟ್ಟಿತು. "ಮಧ್ಯಾಹ್ನ ನಾಲ್ಕು ಗಂಟೆ. ಊಟದ ಮೇಜು. ಮುಚ್ಚಿಟ್ಟ ಒಂದು ತಟ್ಟೆ. ಮನೆ ಕೀಲಿಕೈ. ಫ್ರಿಜ್ಜಿನಲ್ಲಿ ನಾಲ್ಕು ದಿನಕ್ಕಾಗುವಷ್ಟು ದೋಸೆ ಹಿಟ್ಟು. ಮನೆಯ ಹೆಂಗಸು ಇಲ್ಲ."

ಮೂರು ಕೈಗಳೂ ಎದ್ದವು. ಸಮನ್ವಿತಾ "ಸಖತ್!" ಎಂದು ಕಿರುಚಿದಳು. ಮನೋಜ್ ಮಾತ್ರ "ಸಾಯೋಳು ಯಾಕ್ ಮಗಾ ಹಿಟ್ಟು ರುಬ್ತಾಳೆ? ಹಿಟ್ಟು ಕಟ್ ಮಾಡು" ಅಂದ. ಹಿಟ್ಟು ಇರಲೇಬೇಕು ಎಂದು ನಾನು ಹಟ ಹಿಡಿದೆ. ನೀನು ಮನೆಬಿಟ್ಟ ಸಂಗತಿ ಅವರಿಗೆ ಗೊತ್ತಿಲ್ಲ. ನೀನು ಹುಷಾರಿಲ್ಲದ ಗೆಳತಿ ದಿವ್ಯ ಆಂಟಿಯ ಆರೈಕೆಗೆ ಹೋಗಿದ್ದೀಯ ಎಂದು ಹೇಳಿದ್ದೇನೆ. ನನ್ನ ಮನೆಯ ಮಧ್ಯಾಹ್ನವನ್ನು ಅವರು ಕೊಲೆಯ ಕಥೆ ಮಾಡಿಕೊಂಡರು. ಯಾರ ಮೇಲೆ ಅನುಮಾನ ಬರಬೇಕು ಎಂದು ಅರ್ಧ ಗಂಟೆ ಚರ್ಚಿಸಿದರು. ನಾನು ಎಲ್ಲವನ್ನೂ ಚೆಂದದ ಅಕ್ಷರದಲ್ಲಿ ಬರೆದುಕೊಂಡೆ. ನನಗೆ ಏನೂ ಅನ್ನಿಸಲಿಲ್ಲ.

ಶೂಟಿಂಗ್ ನಮ್ಮ ಮನೆಯಲ್ಲೇ ಎಂದು ತೀರ್ಮಾನವಾಯಿತು. ನಾಲ್ಕು ಗಂಟೆಗೆ ಪಡುವಣ ಕಿಟಕಿಯಿಂದ ಸರಳುಗಳ ನೆರಳು ಮೇಜಿನ ಮೇಲೆ ಬೀಳುತ್ತದಲ್ಲ, ಅದನ್ನು ನೋಡಿ ಮನೋಜ್ ಕುಣಿದಾಡಿದ. ಬೇರೆ ಕಿಟಕಿಗಳಿಗೆಲ್ಲ ರಗ್ಗು ಹೊದಿಸಿ ಹಗಲಲ್ಲೇ ಕತ್ತಲು ಮಾಡಿದರು. ಅಜ್ಜಿ "ಯಾರ್ ಸತ್ರು ಅಂತ ಮನೆ ಹೀಗ್ ಮಾಡಿದೀರಾ" ಎಂದು ಬೈದರು, ಆಮೇಲೆ ಎಲ್ಲರಿಗೂ ಅವಲಕ್ಕಿ ಕೊಟ್ಟರು. ನೀನು ಹೊಲಿಗೆ ಕ್ಲಾಸು ನಡೆಸುತ್ತಿದ್ದ ಮುಂದಿನ ಕೋಣೆ ಈಗಲೂ ಕೊರಿಯರಿನವರ ಕೈಯಲ್ಲಿದೆ. ಹತ್ತು ವರ್ಷ ನೀನು ಪಾಠ ಹೇಳಿಕೊಟ್ಟ ಕೋಣೆಯನ್ನು ಅಪ್ಪ ನಿನ್ನನ್ನು ಒಂದು ಮಾತು ಕೇಳದೆ ಬಾಡಿಗೆಗೆ ಕೊಟ್ಟದ್ದು ತಪ್ಪು, ನೀನು ಹೊರಟದ್ದು ಅದಕ್ಕೇ ಎಂದು ನನಗೆ ಆಗಲೂ ಗೊತ್ತಿತ್ತು. ಆಗ ಬಾಯಿ ಬಿಡಲಿಲ್ಲ, ಈಗ ಹೇಳುತ್ತಿದ್ದೇನೆ. ನಿನ್ನ ಮೆಷಿನ್ನು ನನ್ನ ಮಂಚದ ಪಕ್ಕದಲ್ಲಿದೆ, ಧೂಳು ಕೂರದ ಹಾಗೆ ನೋಡಿಕೊಂಡಿದ್ದೇನೆ.

ಎರಡನೇ ಸಭೆಯಲ್ಲಿ ಅರ್ಪಿತ ಒಂದು ಪ್ರಶ್ನೆ ಕೇಳಿದಳು. "ಹೊರಡೋವಾಗ ಅವ್ಳು ಏನಾದ್ರೂ ಮಾತಾಡ್ತಾಳಾ? ನಂಗೆ ಸೌಂಡ್ ಬೇಕು." ಮಾತಿಲ್ಲದಿದ್ದರೆ ನಿಗೂಢವಾಗಿರುತ್ತದೆ ಎಂದಳು ಸಮನ್ವಿತಾ. ನಾನು, ಮಾತಾಡುತ್ತಾಳೆ ಅಂದೆ. "ಯಾರ್ ಜೊತೆ? ಮನೇಲಿ ಯಾರೂ ಇಲ್ವಲ್ಲ" ಅಂದ ಮನೋಜ್. ಒಳಗಿನ ಕೋಣೆಯಲ್ಲಿ ಅವಳ ಮಗಳಿದ್ದಾಳೆ ಅಂದೆ. ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪ್ ನೋಡುತ್ತಾ ಕೂತಿದ್ದಾಳೆ, ಅಮ್ಮ ಬಾಗಿಲಲ್ಲಿ ನಿಂತು ಹೇಳಿದ್ದೆಲ್ಲ ಅವಳಿಗೆ ಕೇಳಿಸಿದೆ, ಸಂಜೆ ಅಪ್ಪ ಬಂದು ಕೇಳಿದಾಗ ನಾನು ಮಲಗಿದ್ದೆ ಅನ್ನುತ್ತಾಳೆ. ಸಮನ್ವಿತಾ ಎದ್ದೇ ನಿಂತಳು. "ಸಾಕ್ಷಿನೇ ಸುಳ್ಳು ಹೇಳ್ತಾಳೆ! ಮಗಾ, ಇದೇ ನಮ್ ಓಪನಿಂಗ್." ಮನೋಜ್ ಮಾತ್ರ "ಯಾಕ್ ಸುಳ್ಳು ಹೇಳ್ತಾಳೆ? ಕಾರಣ ಬೇಕಲ್ವಾ?" ಎಂದು ಕೇಳಿದ. ಅವಳಿಗೂ ಗೊತ್ತಿಲ್ಲ ಅಂದೆ. ಅರ್ಪಿತ ನನ್ನನ್ನೇ ನೋಡುತ್ತಿದ್ದಳು.

ಅಮ್ಮಾ, ನಿನಗೆ ಈಗ ಗೊತ್ತಾಗಿರುತ್ತದೆ. ಆ ಗುರುವಾರ ನೀನು ಬ್ಯಾಗು ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ ಮಾತು ನನಗೆ ಒಂದಕ್ಷರ ಬಿಡದೆ ನೆನಪಿದೆ. "ಧೃತೀ, ದಿವ್ಯನ ಮನೇಲಿರ್ತೀನಿ. ಅಪ್ಪಂಗೆ ಹೇಳು, ಭಾನುವಾರ ದೀಪ ಹಚ್ಚೋ ಹೊತ್ತಿನವರೆಗೂ ಕಾಯ್ತೀನಿ. ಬಂದು ಕೇಳಿದ್ರೆ ಮಾತಾಡೋಣ. ಬರ್ಲಿಲ್ಲ ಅಂದ್ರೆ ನಾನೂ ಏನೂ ಕೇಳಲ್ಲ. ಹಿಟ್ಟು ಫ್ರಿಜ್ಜಲ್ಲಿದೆ." ನಾನು ಹೂಂ ಅಂದೆ. ಹೆಡ್‌ಫೋನ್ ಕೂಡ ತೆಗೆಯಲಿಲ್ಲ. ಅಪ್ಪ ಬಂದು "ಅಮ್ಮ ಏನಾದ್ರೂ ಹೇಳಿದ್ಲಾ" ಎಂದು ಕೇಳಿದಾಗ ಬಾಯಿಂದ ಬಂದದ್ದು "ಮಲಗಿದ್ದೆ" ಎಂಬ ಒಂದೇ ಮಾತು. ಹೇಳದಿದ್ದರೆ ನೀನು ಹೋಗಿದ್ದು ಸುಳ್ಳಾಗುತ್ತದೆ ಎಂದುಕೊಂಡಿದ್ದೆನೇನೋ. ರಾತ್ರಿ ಹೇಳೋಣ, ನಾಳೆ ಹೇಳೋಣ ಎನ್ನುತ್ತಿರುವಾಗಲೇ ಭಾನುವಾರ ಬಂದು ಹೋಯಿತು. ಮಂಗಳವಾರ ದಿವ್ಯ ಆಂಟಿ ಅಜ್ಜಿಗೆ ಫೋನ್ ಮಾಡಿ ನೀನು ಕ್ಷೇಮವಾಗಿದ್ದೀಯ ಎಂದಷ್ಟೇ ತಿಳಿಸಿದರು. ಅಷ್ಟು ಹೊತ್ತಿಗೆ ನನ್ನ ಸುಳ್ಳಿಗೆ ಐದು ದಿನ ವಯಸ್ಸಾಗಿತ್ತು.

ಅಪ್ಪ ನಿನ್ನನ್ನು ಬೈಯುವುದಿಲ್ಲ. ಅವರು ಹೇಳುವುದು ಒಂದೇ: "ಒಂದ್ ಮಾತ್ ಹೇಳಿ ಹೋಗ್ಬಹುದಿತ್ತು." ಹೇಳದೆ ಹೋದವಳಿಗೆ ತಾನು ಬೇಡವಾಗಿದ್ದೇನೆ ಎಂದು ಅವರು ತಿಳಿದಿದ್ದಾರೆ. ಹೇಳಿ ಕಳಿಸಿದರೂ ಬರಲಿಲ್ಲ ಎಂದು ನೀನು ಅಲ್ಲಿ ತಿಳಿದಿದ್ದೀಯ. ಮಧ್ಯದಲ್ಲಿ ನಾನು ಕೂತು ಎರಡೂ ಕಡೆ ಊಟ ಆಯಿತಾ ಎಂದು ವಿಚಾರಿಸಿಕೊಂಡಿದ್ದೇನೆ. ನನಗೆ ನಾಚಿಕೆಯಾಗಬೇಕು ಎಂಬುದು ಗೊತ್ತು. ಆಗುತ್ತಿದೆಯೋ ಇಲ್ಲವೋ ಅದು ತಿಳಿಯುತ್ತಿಲ್ಲ.

ಇವತ್ತು ನಮ್ಮ ತಾಲೀಮು ಇತ್ತು. ಮನೆಗೆ ಬಂದು ಆ ಮೇಜನ್ನು ನೋಡುವ ಗಂಡಸಿನ ಪಾತ್ರಕ್ಕೆ ಯಾರೂ ಸಿಕ್ಕಿರಲಿಲ್ಲ. ಸಮನ್ವಿತಾ ನೇರವಾಗಿ ಅಪ್ಪನ ಹತ್ತಿರ ಹೋಗಿ "ಅಂಕಲ್, ನೀವೇ ಮಾಡ್ಬಿಡಿ, ಒಂದೂ ಡೈಲಾಗ್ ಇಲ್ಲ" ಅಂದಳು. ಡೈಲಾಗ್ ಇಲ್ಲ ಎಂದದ್ದಕ್ಕೋ ಏನೋ, ಒಪ್ಪಿಕೊಂಡರು. ಕೋಟು ಬೇಕೆಂದಾಗ ಟ್ರಂಕಿನಿಂದ ಆರತಕ್ಷತೆಯ ಕೋಟು ತೆಗೆದರು, ಈಗ ಬಿಗಿಯಾಗಿ ಗುಂಡಿ ಹಾಕಲಾಗುವುದಿಲ್ಲ, ಮನೆಯೆಲ್ಲ ನುಸಿಗುಳಿಗೆ ವಾಸನೆ. ಟೋಪಿಗಾಗಿ ಹುಡುಕಿದರೆ ಸಿಕ್ಕಿದ್ದು ಅವರ ಮಂಕಿ ಕ್ಯಾಪು. ಮನೋಜ್ ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡು ನಕ್ಕ, ಟೋಪಿ ಬೇಡವೆಂದಾಯಿತು.

ಹಾಳೆಯಲ್ಲಿದ್ದದ್ದು ಇಷ್ಟು: ಬಾಗಿಲು ತೆರೆಯಬೇಕು, ಕೀಲಿಕೈ ಎತ್ತಿಕೊಳ್ಳಬೇಕು, ಕಿಟಕಿ ಕಡೆ ನೋಡಬೇಕು. ಅಪ್ಪ ಬಂದರು, ಕೀಲಿಕೈ ಮುಟ್ಟಲೇ ಇಲ್ಲ. ಮೇಲೆ ಮುಚ್ಚಿದ್ದ ತಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟರು, ಊಟದ ತಟ್ಟೆಯನ್ನು ಮೆಲ್ಲಗೆ ಎತ್ತಿ ಅದರ ಅಡಿಯಲ್ಲಿ ನೋಡಿದರು. ಏನೂ ಇರಲಿಲ್ಲ. ಸಮನ್ವಿತಾ ಕಟ್ ಅಂದಳು. ಅವರು ಅವಳನ್ನೇ ಕೇಳಿದರು, "ಇಲ್ಲೊಂದು ಚೀಟಿ ಇರ್ಬೇಕಲ್ವಮ್ಮ? ಹೋಗೋಳು ಒಂದು ಚೀಟಿನಾದ್ರೂ ಇಡ್ತಾಳೆ." ಚೀಟಿ ಇದ್ದರೆ ಸಸ್ಪೆನ್ಸ್ ಹೋಗುತ್ತದೆ ಅಂಕಲ್ ಎಂದು ಅವಳು ವಿವರಿಸಿದಳು. "ಹೌದಾ, ಸರಿ" ಅಂದರು. ಎರಡನೇ ಸಲವೂ ಬಂದು ತಟ್ಟೆ ಎತ್ತಿ ನೋಡಿದರು. ಮೂರನೇ ಸಲವೂ ಅಷ್ಟೇ. ಆ ಗುರುವಾರ ಅವರು ಹೀಗೆ ಹುಡುಕಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ ಅಮ್ಮಾ. ನಾನು ಟೇಕ್ ನಂಬರ್ ಬರೆದ ಪರೀಕ್ಷೆ ಪ್ಯಾಡು ಹಿಡಿದು ನಿಂತಿದ್ದೆ. ಸಮನ್ವಿತಾ ಸಮಾಧಾನ ಮಾಡಿಕೊಂಡು, ತಟ್ಟೆ ಎತ್ತುವುದೂ ಚೆನ್ನಾಗಿದೆ, ಇರಲಿ ಅಂದಳು.

ನಾಳೆ ನಾಲ್ಕು ಗಂಟೆಗೆ ಶೂಟಿಂಗ್. ಎಲ್ಲರೂ ಹೋದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅಪ್ಪ ಹಜಾರದಲ್ಲಿ ಕೋಟಿಗೆ ಬ್ರಷ್ ಹಾಕುತ್ತಿದ್ದಾರೆ. ಎದ್ದು ಹೋಗಿ ಹೇಳಿಬಿಡಲು ಹತ್ತು ಹೆಜ್ಜೆ ಸಾಕು. ಎರಡು ಸಲ ಎದ್ದೆ, ನೀರು ಕುಡಿದು ಬಂದು ಕೂತೆ. ನಿನಗೆ ಹೇಳಿಯಾಯಿತು, ಅಷ್ಟರ ಮಟ್ಟಿಗೆ ಅರ್ಧ ಕೆಲಸ ಮುಗಿದಿದೆ. ನನ್ನ ಮೇಲೆ ಸಿಟ್ಟು ಮಾಡಿಕೋ, ಆದರೆ ಊಟ ಬಿಡಬೇಡ. ಮೊಣಕೈಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ದಿವ್ಯ ಆಂಟಿಗೆ ನನ್ನ ನೆನಪು ಹೇಳು. ಅಜ್ಜಿ ನಿನ್ನ ಹೆಸರೆತ್ತುವುದಿಲ್ಲ, ಆದರೆ ಹುಣಸೆ ತೊಕ್ಕನ್ನು ಒಂದು ಬಾಟಲಿಗೆ ತುಂಬಿಸಿ ಅಲಮಾರಿಯಲ್ಲಿ ಪಕ್ಕಕ್ಕಿಟ್ಟಿದ್ದಾರೆ. ಯಾರಿಗೆ ಎಂದು ನಾನೂ ಕೇಳಿಲ್ಲ.

ನಿನ್ನ ಕಾಲಿಗೆ ನಮಸ್ಕಾರಗಳೊಂದಿಗೆ,
ನಿನ್ನ ಮಗಳು
ಧೃತಿ

ತಾ.ಕ.: ಭಾನುವಾರ ಸಂಜೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೆಟ್ಟಗಿಲ್ಲ. ಶೂಟಿಂಗಿಗೆ ಮೊದಲು ನೀನು ಅವತ್ತು ಹೇಳಿದ್ದನ್ನು ಹೇಳಿದ ಹಾಗೇ ಒಂದು ಹಳದಿ ಚೀಟಿಯಲ್ಲಿ ಬರೆದೆ. ಈ ಸಲ ಕೆಳಗೆ ಹೆಸರು ಹಾಕಿದೆ, ತಾರೀಖೂ ಹಾಕಿದೆ. "ನಾನು ಮಲಗಿರಲಿಲ್ಲ" ಎಂದು ಸೇರಿಸಿ ಊಟದ ತಟ್ಟೆಯ ಕೆಳಗಿಟ್ಟೆ. ಗುಂಪಿನವರಿಗೆ ಹೇಳಲಿಲ್ಲ. ಅಪ್ಪ ಬಂದರು, ತಟ್ಟೆ ಎತ್ತಿದರು, ಚೀಟಿ ಇತ್ತು. ಎರಡು ಸಲ ಓದಿದರು. ಸಮನ್ವಿತಾ ಕಟ್ ಅನ್ನುವುದನ್ನೇ ಮರೆತಳು, ಕ್ಯಾಮೆರಾ ಓಡುತ್ತಲೇ ಇತ್ತು. ಅಪ್ಪ ನನ್ನ ಕಡೆ ತಿರುಗಿ "ಎಷ್ಟೊತ್ತಿನ್ವರ್ಗೂ ಕಾದ್ಲಂತೆ?" ಎಂದು ಕೇಳಿದರು. ದೀಪ ಹಚ್ಚುವ ಹೊತ್ತಿನವರೆಗೆ ಅಂದೆ. ಬೈಯಲಿಲ್ಲ, ಹೊಡೆಯಲಿಲ್ಲ. ಗಡಿಯಾರ ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದಾರೆ, ಕೋಟು ಬಿಚ್ಚಿಲ್ಲ, ಬಿಚ್ಚಿ ಎಂದು ಹೇಳುವ ಧೈರ್ಯ ನನಗಿಲ್ಲ. ಈ ಪತ್ರವನ್ನು ಅಂಟಿಸಿ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ, ತೊಕ್ಕಿನ ಬಾಟಲಿಯನ್ನೂ. ವಾಪಸ್ ಬಾ ಎಂದು ನಾನು ಬರೆಯುವುದಿಲ್ಲ, ಅದು ನೀವಿಬ್ಬರೂ ಮಾತಾಡಬೇಕಾದದ್ದು. ಆರು ತಿಂಗಳು ತಡವಾಗಿದ್ದು ನನ್ನಿಂದ, ಅವರಿಂದಲ್ಲ. ಇಷ್ಟು ಉದ್ದ ಬರೆದದ್ದು ತಪ್ಪಾಯಿತು ಅಮ್ಮಾ. ನೀನು ಇಲ್ಲಿಯವರೆಗೆ ಓದುವಷ್ಟು ಹೊತ್ತೂ ಅವರು ಬಾಗಿಲಲ್ಲೇ ನಿಂತಿರುತ್ತಾರೆ. ಒಳಗೆ ಬರಲಾ ಎಂದು ಕೇಳುವುದು ಅವರಿಗೆ ಬರುವುದಿಲ್ಲ. ಕೂತ್ಕೊಳ್ಳಿ ಅನ್ನು.