ಎದೆಯ ಕೆಳಗಿನ ಸುದ್ದಿ

ಇನ್ನೂ ಮುಖ ತೋರಿಸದ ನನ್ನ ಮರಿಗೆ,

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಮೇಲೆ ಬೇರೆ ಯಾರ ಬಾಯಿಂದಲೋ ಕೇಳಿ ನೀನು ಬೇಜಾರು ಮಾಡಿಕೊಳ್ಳುವುದು ಬೇಡ. ನೀನು ಒದೆಯುವುದು ನನಗೆ ಗೊತ್ತಾಗುವುದಿಲ್ಲ. ಒಂದು ಸಲವೂ ಗೊತ್ತಾಗಿಲ್ಲ. ಎಂಟು ತಿಂಗಳಿಂದ ನನ್ನೊಳಗೇ ಇದ್ದೀಯ. ಒದೆಯುತ್ತೀಯಂತೆ, ಹೊರಳುತ್ತೀಯಂತೆ, ಊಟವಾದ ಮೇಲೆ ಬಿಕ್ಕಳಿಸುತ್ತೀಯಂತೆ. ಎಲ್ಲವೂ 'ಅಂತೆ'. ಪಕ್ಕದ ಮನೆಯ ಮಗುವಿನ ಸುದ್ದಿ ಕೇಳುವ ಹಾಗೆ ನಾನು ನಿನ್ನ ಸುದ್ದಿಯನ್ನು ಇನ್ನೊಬ್ಬರ ಬಾಯಿಂದ ಕೇಳುತ್ತಾ ಬಂದಿದ್ದೇನೆ.

ಈಗ ಹೆರಿಗೆ ವಾರ್ಡಿನಲ್ಲಿ, ಕಿಟಕಿ ಪಕ್ಕದ ಹಾಸಿಗೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನೀನು ಬರಲು ಇನ್ನೂ ಸಮಯವಿದೆ. ಆದರೆ ಡಾಕ್ಟರಮ್ಮ, "ನೋವು ಶುರುವಾದ್ರೆ ನಿಮಗೆ ಗೊತ್ತಾಗಲ್ಲ. ಮನೇಲಿದ್ರೆ ಫಜೀತಿ ಆಗುತ್ತೆ, ಇಲ್ಲೇ ಇದ್ದುಬಿಡಿ" ಎಂದು ಮುಂಚೆಯೇ ಸೇರಿಸಿಕೊಂಡರು. ಎದುರು ಹಾಸಿಗೆಯ ಹುಡುಗಿ ನಿನ್ನೆ ಸೊಂಟ ಹಿಡಿದುಕೊಂಡು ಆ ತುದಿಯಿಂದ ಈ ತುದಿಗೆ ಓಡಾಡುತ್ತಾ ಗಂಡನ ಮನೆಯವರನ್ನೆಲ್ಲ ಸಾಲಾಗಿ ಬೈಯುತ್ತಿದ್ದಳು. ಉಳಿದವರಿಗೆ ಅಯ್ಯೋ ಪಾಪ ಅನ್ನಿಸಿತು. ನನಗೆ ಹೊಟ್ಟೆಕಿಚ್ಚಾಯಿತು. ನೋಡು, ಈ ಕಿಚ್ಚಿಗೆ ಮಾತ್ರ ಯಾವ ನರವೂ ಬೇಡ.

ನಾನು ಟೈಲರ್. ಆರು ವರ್ಷದ ಹಿಂದೆ ಅಂಗಡಿಯ ಅಟ್ಟದಿಂದ ಲೈನಿಂಗ್ ಬಟ್ಟೆಯ ಸುರುಳಿ ಇಳಿಸಲು ಹೋಗಿ ಏಣಿಯ ಸಮೇತ ಬಿದ್ದೆ. ಅಕ್ಕಪಕ್ಕದವರು ಓಡಿ ಬಂದಾಗ ನಗುತ್ತಲೇ ಹೇಳಿದೆನಂತೆ: "ಏನೂ ಆಗಿಲ್ಲ, ಒಂಚೂರೂ ನೋವಿಲ್ಲ. ಕೈ ಹಿಡಿದು ಎಬ್ಬಿಸಿ, ಸಾಕು." ನೋವಿಲ್ಲದಿರುವುದೇ ದೊಡ್ಡ ಪೆಟ್ಟು ಎಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಅಕ್ಕ ಒಬ್ಬರಿದ್ದರು. ನನ್ನ ಕಣ್ಣು ಮುಚ್ಚಿಸಿ, ಒಂದು ಕೈಯಲ್ಲಿ ಹತ್ತಿ, ಇನ್ನೊಂದು ಕೈಯಲ್ಲಿ ಗುಂಡುಪಿನ್ನು ಹಿಡಿದು, ಕತ್ತಿನಿಂದ ಕೆಳಕ್ಕೆ ಮುಟ್ಟುತ್ತಾ, "ಇಲ್ಲಿ ಗೊತ್ತಾಗುತ್ತಾ? ಇಲ್ಲಿ?" ಎಂದು ಕೇಳುತ್ತಿದ್ದರು. ಎದೆಯ ನಡುವಿನವರೆಗೆ ಹೌದು ಹೌದು ಅಂದೆ. ಆಮೇಲೆ ಅವರು ಮುಟ್ಟುವುದನ್ನು ನಿಲ್ಲಿಸಿದರು ಅಂದುಕೊಂಡೆ. ಕಣ್ಣು ಬಿಟ್ಟು ನೋಡಿದರೆ ಅವರ ಕೈ ನನ್ನ ಹೊಕ್ಕಳ ಮೇಲಿತ್ತು. ನಾನು ಅತ್ತು ಮುಗಿಸುವವರೆಗೂ ಕಾದು, ನಿಧಾನವಾಗಿ ಹೇಳಿದರು: "ಬೆರಳಿಗೆ ಸೂಜಿ ಚುಚ್ಚಿದ್ರೆ ಬೆರಳಿಗೆ ನೋವು ಅಂತೀವಲ್ಲ, ಬೆರಳು ಬರೀ ಸುದ್ದಿ ಕಳಿಸುತ್ತೆ ಅಷ್ಟೇ. ನರ ಆ ಸುದ್ದೀನ ಬೆನ್ನುಹುರಿಗೆ ಮುಟ್ಟಿಸುತ್ತೆ. ಅದು ಮೇಲಕ್ಕೆ ಮೆದುಳಿಗೆ ಸಾಗಿಸುತ್ತೆ. ಮುಟ್ಟಿದ್ದಕ್ಕೆ ಒಂದು ದಾರಿ, ನೋವಿಗೂ ಬಿಸಿಗೂ ಇನ್ನೊಂದು ದಾರಿ. ಮೆದುಳಿಗೆ ತಲುಪಿದ ಮೇಲೇನೇ ನಾವು ಅಯ್ಯೋ ಅನ್ನೋದು. ನಿನ್ನ ಹೊಟ್ಟೆ, ಕಾಲು ಈಗ್ಲೂ ಸುದ್ದಿ ಕಳಿಸ್ತಾನೇ ಇವೆ ಕಣೆ. ಎದೆ ಹತ್ರ ದಾರಿ ಕಿತ್ತುಹೋಗಿದೆ."

ಹಾಗಾಗಿ ಎದೆಯ ಕೆಳಗೆ ನಡೆಯುವುದೆಲ್ಲ ಕೆಳಗೇ ಉಳಿಯುತ್ತದೆ. ಒಮ್ಮೊಮ್ಮೆ ಕಾಲು ತಾನಾಗಿಯೇ ಝಾಡಿಸುತ್ತದೆ. ಮೊದಲ ಸಲ ಹಾಗಾದಾಗ, ಕಾಲು ಬಂತು ಎಂದು ವಾರ್ಡು ಕಿತ್ತುಹೋಗುವ ಹಾಗೆ ಕೂಗಿದ್ದೆ. ಅದು ಮೆದುಳನ್ನು ಕೇಳದೆ ಬೆನ್ನುಹುರಿಯೇ ಕೊಡುವ ಉತ್ತರ ಎಂದು ಅಕ್ಕ ತಿಳಿಸಿ ಹೇಳಬೇಕಾಯಿತು. ನೀನು ಜೋರಾಗಿ ಹೊರಳಿದಾಗಲೂ ಕಾಲು ಹಾಗೇ ಅದುರುತ್ತದಂತೆ. ನನ್ನ ಕಾಲಿಗೆ ನಿನ್ನ ಪರಿಚಯವಾಗಿದೆ, ಮರಿ. ನನಗೇ ಆಗಿಲ್ಲ.

ನಿನ್ನಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ನಾನು ಬಿದ್ದ ಮೇಲೆ ನನ್ನ ಯಂತ್ರದ ಪೆಡಲ್ ಬಿಚ್ಚಿ ಕೈಯಲ್ಲಿ ತಿರುಗಿಸುವ ಚಕ್ರ ಕೂರಿಸಲು ಬಂದ. ಅದು ಸರಿಯಾಗಿದೆಯಾ ಎಂದು ನೋಡುವ ನೆಪದಲ್ಲಿ ಮತ್ತೆ ಮತ್ತೆ ಬಂದ. ಎಣ್ಣೆ ಹಾಕಿ ಹಾಕಿ ನನ್ನ ಬಟ್ಟೆಯೆಲ್ಲ ಜಿಡ್ಡು ಮಾಡಿದ. ಕೊನೆಗೆ, "ಇಷ್ಟೊಂದು ಓಡಾಡೋ ಬದಲು ಮದುವೆನೇ ಆಗ್ಬಿಡ್ರೀ" ಎಂದು ನಾನೇ ಬಾಯಿಬಿಟ್ಟೆ. ಅವನ ಕೈ ಬಹಳ ಪ್ರಾಮಾಣಿಕ. ಯಂತ್ರದ ಸದ್ದು ಕೇಳುವವನಂತೆ ಕಣ್ಣು ಮುಚ್ಚಿ ನನ್ನ ಹೊಟ್ಟೆಯ ಮೇಲೆ ಅಂಗೈ ಇಡುತ್ತಾನೆ. ಇದ್ದರೆ ಇದೆ, ಇಲ್ಲದಿದ್ದರೆ "ಇಲ್ಲ ಕಣೆ, ಮಲಗಿರ್ಬೇಕು" ಅನ್ನುತ್ತಾನೆ. ಆದರೆ ದಿನವಿಡೀ ಅವನು ತನ್ನ ರಿಪೇರಿ ಅಂಗಡಿಯಲ್ಲಿ. ನಿನ್ನ ಸುದ್ದಿ ಹೇಳುವ ಕೆಲಸ ಅವನ ತಾಯಿಯ ಪಾಲಿಗೆ ಬಂತು.

ನಿನ್ನ ಅಜ್ಜಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಹೇಳುವ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತರಾದದ್ದು ಕೆಲಸದಿಂದ ಮಾತ್ರ, ಗಂಟಲಿನಿಂದ ಅಲ್ಲ. ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಅದೇ ರಾಗದಲ್ಲಿ, "ದಯವಿಟ್ಟು ಗಮನಿಸಿ! ಎಡಗಡೆಯಿಂದ ಹೊರಟ ಒಂದು ಒದೆ ಈಗಷ್ಟೇ ಬಲಗಡೆಗೆ ಬಂದು ತಲುಪಿದೆ" ಅನ್ನುತ್ತಿದ್ದರು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ನಿನ್ನ ಒದೆ ಎಷ್ಟು ಜೋರು, ಹಿಮ್ಮಡಿಯೋ ಮೊಣಕೈಯೋ, ಎಲ್ಲವನ್ನೂ ವರ್ಣಿಸುತ್ತಿದ್ದರು. ನಗು ನಿಂತ ಮೇಲೆ ಮಾತ್ರ ಏನೋ ಚುಚ್ಚುತ್ತಿತ್ತು. ನನ್ನ ಮಗು ನನಗಿಂತ ಮೊದಲು ಅವರಿಗೆ ಸಿಗುತ್ತಿದೆಯಲ್ಲ ಎಂದು.

ಆರನೇ ತಿಂಗಳ ತಪಾಸಣೆಯಲ್ಲಿ ನರ್ಸ್, ಮಗುವಿನ ಓಡಾಟ ಹೇಗಿದೆ ಎಂದು ಕೇಳಿದಾಗ, ಅಜ್ಜಿ ಹೇಳಿದ್ದನ್ನೆಲ್ಲ ನಾನು ಉತ್ಸಾಹದಿಂದ ಒಪ್ಪಿಸಿದೆ. ನಿನ್ನೆ ಹೀಗೆ, ಮೊನ್ನೆ ಹಾಗೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಮುಖ ಬಿಳುಪಾಯಿತು. "ಸಿಸ್ಟರ್, ಅದು ಸುಳ್ಳು. ಎರಡು ದಿನದಿಂದ ನನ್ನ ಕೈಗೆ ಏನೂ ಸಿಕ್ಕಿಲ್ಲ" ಅಂದರು. ನರ್ಸ್ ತಕ್ಷಣ ಹೊಟ್ಟೆಗೆ ಬೆಲ್ಟು ಕಟ್ಟಿದರು. ಯಂತ್ರ ಗೊರಗೊರ ಅಂದು, ಕೊನೆಗೆ ನಿನ್ನ ಎದೆಬಡಿತ ಕೇಳಿಸುವವರೆಗೆ ನಮ್ಮಿಬ್ಬರಲ್ಲಿ ಯಾರೂ ಉಸಿರಾಡಲಿಲ್ಲ. ನಿನಗೇನೂ ಆಗಿರಲಿಲ್ಲ. ಆ ಎರಡು ದಿನ ಬೆನ್ನಿನ ಕಡೆಗೆ ಒದ್ದುಕೊಂಡಿದ್ದೆಯಂತೆ. ಹೊರಗಿನ ಕೈಗೆ ಅದು ಸಿಗುವುದಿಲ್ಲವಂತೆ.

ಹೊರಗೆ ಬಂದ ಮೇಲೆ ಅಜ್ಜಿ ಕೈ ಮುಗಿದರು. "ಕೈ ಇಟ್ಟಾಗೆಲ್ಲ ನೀನು ನನ್ನ ಮುಖಾನೇ ನೋಡ್ತೀಯಮ್ಮ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಡಿಪೋದಿಂದ ಸುದ್ದಿನೇ ಇಲ್ದಿದ್ರೂ ಜನ ಗಾಬರಿ ಆಗ್ಬಾರ್ದು ಅಂತ, ಬಸ್ಸು ಇನ್ನೇನು ಬರುತ್ತೆ ಅಂತ ಹೇಳಿ ಹೇಳಿ ಅಭ್ಯಾಸ ಆಗಿಹೋಗಿದೆ." ಆ ಮಾತಿಗೆ ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಭಯ ಇನ್ನೂ ಇಳಿದಿರಲಿಲ್ಲ. "ಇನ್ನು ಮೇಲೆ ನನ್ನ ಹೊಟ್ಟೆ ಮುಟ್ಟಬೇಡಿ" ಅಂದುಬಿಟ್ಟೆ. ಅವರು ಮುಟ್ಟಲಿಲ್ಲ. ನನ್ನನ್ನು ಗಾಲಿಕುರ್ಚಿಗೆ ಎತ್ತಿ ಕೂರಿಸುವಾಗಲೂ, ಸ್ನಾನ ಮಾಡಿಸುವಾಗಲೂ ಹೊಟ್ಟೆಗೆ ಕೈ ತಾಗದ ಹಾಗೆ ನೋಡಿಕೊಂಡರು. ಹಗಲೆಲ್ಲ ನಮ್ಮ ಮನೆಯಲ್ಲಿ ನಿನ್ನ ಸುದ್ದಿ ಹೇಳುವವರೇ ಇಲ್ಲವಾದರು. ಆ ವಾರಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನು ನಿನಗೆ ಹೇಳಲೇಬೇಕಾದ ವಿಷಯ. ಐದನೇ ತಿಂಗಳಿಂದ ನನಗೊಂದು ಕಾಟ ಶುರುವಾಗಿತ್ತು. ಇದ್ದಕ್ಕಿದ್ದಂತೆ ತೋಳಿನ ಮೇಲಿನ ರೋಮವೆಲ್ಲ ನಿಮಿರಿ ನಿಲ್ಲುತ್ತಿತ್ತು, ಕತ್ತಿನ ಹಿಂದೆ ಸಣ್ಣಗೆ ಬೆವರುತ್ತಿತ್ತು. ಚಳಿ ಅಂದುಕೊಂಡೆ. ಸುಡು ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಹೊಲಿಯುತ್ತಿದ್ದೆ. ಅಳತೆ ಕೊಡಲು ಬಂದವರು ಜ್ವರವಾ ಎಂದು ಕೇಳುತ್ತಿದ್ದರು. ಫ್ಯಾನಿನ ಗಾಳಿ ಎಂದು ನಿನ್ನಪ್ಪನ ಮೇಲೆ ರೇಗಿ ಅದನ್ನು ಆರಿಸುತ್ತಿದ್ದೆ. ಕಿಟಕಿ ಮುಚ್ಚಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಹೋಗುತ್ತಿತ್ತು.

ಮೊನ್ನೆ ಇಲ್ಲಿ ನರ್ಸ್ ಮತ್ತೆ ಬೆಲ್ಟು ಕಟ್ಟಿ ನಿನ್ನ ಎದೆಬಡಿತ ಕೇಳಿಸುತ್ತಿದ್ದರು. ನನಗೆ ಮತ್ತದೇ ಚಳಿ ಬಂತು. ಸ್ವೆಟರ್ ಕೊಡಿ ಅಂದೆ. ಅವರು ಕೊಡಲಿಲ್ಲ. ನನ್ನ ತೋಳು ನೋಡಿದರು, ಹೊಟ್ಟೆ ನೋಡಿದರು, ಮತ್ತೆ ತೋಳು ನೋಡಿದರು. "ಒಂದು ನಿಮಿಷ ಸುಮ್ನಿರಮ್ಮ" ಎಂದು ಹಾಗೇ ಕಾದರು. ಹೊಟ್ಟೆಯ ಒಂದು ಕಡೆ ಉಬ್ಬಿತು. ಮರುಗಳಿಗೆ ನನ್ನ ತೋಳಿನಲ್ಲಿ ರೋಮ ಎದ್ದಿತು. "ಇದು ಚಳಿ ಅಲ್ಲಮ್ಮ, ನಿನ್ನ ಮಗು" ಅಂದರು. ಮೆದುಳಿಗೆ ಹೋಗುವ ದೊಡ್ಡ ದಾರಿ ಕಿತ್ತುಹೋದರೂ ಕೆಳಗಿನ ಸುದ್ದಿ ಸುಮ್ಮನೆ ಕೂರುವುದಿಲ್ಲವಂತೆ. ಬೆನ್ನುಹುರಿಯ ಉಳಿದ ಭಾಗವನ್ನೇ ಕೆಣಕಿ ರಕ್ತದ ಒತ್ತಡ ಏರಿಸುತ್ತದಂತೆ. ಅದಕ್ಕೆ ಮೇಲಿನ ಮೈ ರೋಮಾಂಚನಗೊಂಡು, ಬೆವತು ಉತ್ತರ ಕೊಡುತ್ತದಂತೆ. ಆಮೇಲೆ ಅವರು ಮುಖ ಗಂಭೀರ ಮಾಡಿಕೊಂಡು ಹೇಳಿದರು: "ಇದರ ಜೊತೆ ತಲೆ ಸಿಡಿಯೋ ಹಾಗೆ ನೋವು ಬಂತು ಅಂದ್ರೆ ತಕ್ಷಣ ಗಂಟೆ ಒತ್ತು. ಒತ್ತಡ ವಿಪರೀತ ಏರಿದ್ರೆ ಜೀವಕ್ಕೇ ಅಪಾಯ. ಬೇರೆಯವರಿಗೆ ಹೆರಿಗೆ ನೋವು ಹೊಟ್ಟೇಲಿ ಬರುತ್ತೆ, ನಿನಗೆ ತಲೇಲಿ ಬರುತ್ತೆ ಅಂತ ತಿಳ್ಕೋ."

ಅವರು ಹೋದ ಮೇಲೆ ನಾನು ಬಹಳ ಹೊತ್ತು ಅತ್ತೆ. ಅಪಾಯಕ್ಕೆ ಹೆದರಿ ಅಲ್ಲ. ನೀನು ನನ್ನನ್ನು ಕರೆಯುತ್ತಲೇ ಇದ್ದೆಯಲ್ಲ, ಅದಕ್ಕೆ. ಐದನೇ ತಿಂಗಳಿಂದ, ಸಿಕ್ಕ ಸಂದಿಗೊಂದಿಯಲ್ಲೆಲ್ಲ ನುಸುಳಿ ನನ್ನ ತೋಳಿನವರೆಗೆ ಬಂದು ನಿಲ್ಲುತ್ತಿದ್ದೆ. ನೀನು ಬಂದಾಗಲೆಲ್ಲ ನಾನು ಸ್ವೆಟರ್ ಹಾಕಿಕೊಂಡೆ, ಕಿಟಕಿ ಮುಚ್ಚಿಸಿದೆ. ಇನ್ನೊಬ್ಬರ ಕೈ ಹೇಳಿದ್ದನ್ನು ನಂಬಿದೆ, ಅವರ ಮೇಲೆ ಸಿಟ್ಟಾದೆ; ನನ್ನ ತೋಳನ್ನು ಮಾತ್ರ ನೋಡಿಕೊಳ್ಳಲಿಲ್ಲ. ಆ ತಿಂಗಳುಗಳು ಇನ್ನು ನನಗೆ ಸಿಗುವುದಿಲ್ಲ. ಎಡವೋ ಬಲವೋ, ಕೈಯೋ ಕಾಲೋ, ಅದು ನನಗೆ ಈಗಲೂ ತಿಳಿಯುವುದಿಲ್ಲ, ಮುಂದೆಯೂ ತಿಳಿಯುವುದಿಲ್ಲ. ಆದರೂ ನೀನು ಎಂಬುದಾದರೂ ತಿಳಿಯುತ್ತಿತ್ತಲ್ಲ.

ಇದನ್ನು ಬರೆಯುತ್ತಿರುವಾಗ ಅಜ್ಜಿ ಪಕ್ಕದ ಸ್ಟೂಲಿನ ಮೇಲೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಹಿಂದಿನ ಸಾಲು ಮುಗಿಸಿದೆನೋ ಇಲ್ಲವೋ, ನನ್ನ ತೋಳಿನ ರೋಮ ಎದ್ದಿತು. ತಲೆನೋವಿಲ್ಲ, ಗಾಬರಿಯಾಗಬೇಡ. ನಾನು ಪೆನ್ನು ಕೆಳಗಿಟ್ಟು ಅವರ ಕೈ ಹಿಡಿದೆಳೆದು ನನ್ನ ಹೊಟ್ಟೆಯ ಮೇಲಿಟ್ಟೆ. ಅವರು ಬೆಚ್ಚಿಬಿದ್ದರು. "ಅತ್ತೆ, ಈಗ ಒದೀತಲ್ವಾ?" ಅಂದೆ. ನಿಲ್ದಾಣದ ಗದ್ದಲವನ್ನೆಲ್ಲ ಮೀರಿ ಕೂಗುತ್ತಿದ್ದ ಅವರು ಕಣ್ಣು ತುಂಬಿಕೊಂಡು ಹೌದೆಂದು ತಲೆಯಾಡಿಸಿದರು. ನಿನ್ನ ಸುದ್ದಿಯನ್ನು ಮೊದಲ ಸಲ ನಾನು ಅವರಿಗೆ ಹೇಳಿದ್ದೆ.

ಅವರ ಕೈ ಇನ್ನೂ ಅಲ್ಲೇ ಇದೆ. ಹೊಟ್ಟೆಗೆ ಒರಗಿಸಿಟ್ಟ ಕಾಗದ ಅಲುಗಾಡಿ ಅಕ್ಷರ ಸೊಟ್ಟಗಾಗುತ್ತಿದೆ. ತೆಗೆಯಿರಿ ಅನ್ನಲು ಮನಸ್ಸಿಲ್ಲ.

ನಿನ್ನ ಮೈಯೊಳಗಿನ ಎಲ್ಲಾ ದಾರಿಗಳೂ ತೆರೆದಿರಲಿ, ಮರಿ. ಬಿಸಿ ಬಿಸಿಯಾಗಿಯೇ ತಟ್ಟಲಿ, ಮುಳ್ಳು ಚುಚ್ಚಿದರೆ ಚುಚ್ಚಿದ ಹಾಗೇ ಅನ್ನಿಸಲಿ. ಬಿದ್ದರೆ ನೋವಾಗಲಿ, ನೋವಾದರೆ ಊರಿಗೆಲ್ಲ ಕೇಳಿಸುವ ಹಾಗೆ ಅಳು. ನಾನು ಬರುತ್ತೇನೆ, ಗಾಲಿಯ ಮೇಲಾದರೂ ಬರುತ್ತೇನೆ.

ಸ್ವೆಟರ್ ಮಡಿಸಿಟ್ಟು, ತಲೆನೋವಿಗಾಗಿ ಕಾದು ಕೂತಿರುವ,
ನಿನ್ನ ಅಮ್ಮ